ಗಾಲಿ ಮೇಲಿನ ಬಿಡಾರ: ಮೊದಲು ತೂಕ, ಆಮೇಲೆ ಹಾಸಿಗೆ

ಬನದ ಹುಣ್ಣಿಮೆ ಹತ್ತಿರ ಬಂತೆಂದರೆ ಅನಗವಾಡಿಯ ಘಟಪ್ರಭಾ ಸೇತುವೆ ಮೇಲೆ ಟ್ರ್ಯಾಕ್ಟರುಗಳ ಸಾಲು ಶುರುವಾಗುತ್ತದೆ. ಕೆಲವು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ, ಕೆಲವು ಬಾದಾಮಿಯ ಬನಶಂಕರಿಗೆ. ನಿನ್ನೆವರೆಗೆ ಕಬ್ಬು ಹೊತ್ತ ಟ್ರೇಲರಿಗೆ ಕಮಾನು ಕಟ್ಟಿ ತಾಡಪತ್ರಿ ಹೊದಿಸಿರುತ್ತಾರೆ. ಒಳಗೆ ಹುಲ್ಲು, ಹುಲ್ಲಿನ ಮೇಲೆ ಜಮಖಾನೆ, ಮೂಲೆಯಲ್ಲಿ ಕಡಕ್ ರೊಟ್ಟಿಯ ಗಂಟು, ನೀರಿನ ಕ್ಯಾನು, ಸ್ಟೋ. ಜಾತ್ರೆ ಮುಗಿಯುವ ತನಕ ಮಲಗುವುದೂ ಅಲ್ಲೇ, ಉಣ್ಣುವುದೂ ಅಲ್ಲೇ. ನಮ್ಮ ಅಜ್ಜಂದಿರ ಕಾಲಕ್ಕೆ ಇದೇ ಕೆಲಸವನ್ನು ಚಾಪೆಯ ಕಮಾನಿನ ಕೊಲ್ಲಾರಿ ಬಂಡಿ ಮಾಡುತ್ತಿತ್ತು.

ಹೀಗಾಗಿ, ಹುಬ್ಬಳ್ಳಿಯಲ್ಲಿ ನೌಕರಿ ಮಾಡುವ, ಬೈಕ್ ರೇಸಿನ ಹುಚ್ಚು ಹತ್ತಿಸಿಕೊಂಡ ನನ್ನ ಅಕ್ಕನ ಮಗ ಹಳೆಯದೊಂದು ಸರಕು ಟ್ರೇಲರ್ ತಂದು ನನ್ನ ವೆಲ್ಡಿಂಗ್ ಅಂಗಡಿ ಮುಂದೆ ನಿಲ್ಲಿಸಿ, “ಮಾವ, ಇದರಾಗ ಎರಡು ಬೈಕೂ ಹಿಡೀಬೇಕು, ನಾವಿಬ್ಬರು ಮಲ್ಕೊಳ್ಳಾಕೂ ಬರಬೇಕು” ಎಂದಾಗ ನನಗೆ ವಿಚಿತ್ರವೇನೂ ಅನಿಸಲಿಲ್ಲ. ಹೊಸದೆಂದರೆ ಓಟದ ವೇಗ, ಮತ್ತೆ ಪೆಟ್ರೋಲು. ಈ ಎರಡೇ ಇಡೀ ಕೆಲಸದ ದಿಕ್ಕು ಬದಲಿಸುತ್ತವೆ.

ರೇಸೆಂದರೆ ರವಿವಾರ ಹೋಗಿ ಓಡಿಸಿ ಬರುವ ಬಾಬತ್ತಲ್ಲ. ಸಾಮಾನ್ಯವಾಗಿ ಶುಕ್ರವಾರವೇ ಬೈಕಿನ ತಪಾಸಣೆ, ತಾಲೀಮು, ಶನಿವಾರ ಅರ್ಹತಾ ಸುತ್ತು, ರವಿವಾರ ಓಟ. ದೇಶದ ಡಾಂಬರು ಟ್ರ್ಯಾಕುಗಳು ನಮಗೆ ದೂರ. ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈಯಲ್ಲಿ 1990ರಿಂದ ನಡೆಯುತ್ತಿರುವ 3.7 ಕಿ.ಮೀ. ಸುತ್ತಿನದು ಒಂದು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇನ್ನೊಂದು. ಎರಡೂ ಇಲ್ಲಿಂದ ಏಳೆಂಟು ನೂರು ಕಿ.ಮೀ. ದಾರಿ. 2023ರಲ್ಲಿ ಮೋಟೋಜಿಪಿ ನಡೆದ ಗ್ರೇಟರ್ ನೊಯ್ಡಾದ ಬುದ್ಧ ಸರ್ಕಿಟ್ ಅಂತೂ ಉತ್ತರ ದಿಕ್ಕಿನ ಮಾತು. ಬೈಕು, ಬಿಡಿ ಟೈರು, ಪಾನಾ ಪೆಟ್ಟಿಗೆ ಕಟ್ಟಿಕೊಂಡು ಅಷ್ಟು ದೂರ ಹೋದವನು ಲಾಡ್ಜಿನಲ್ಲಿ ಮಲಗಿದರೆ ಸಾಮಾನು ಕಾಯುವವರಾರು? ರಾತ್ರಿ ಹನ್ನೊಂದಕ್ಕೆ ಕ್ಲಚ್ ಬಿಚ್ಚಬೇಕಾಗಿ ಬಂದರೆ ಎಲ್ಲಿ ಬಿಚ್ಚುವುದು?

ದೊಡ್ಡ ತಂಡದವರಿಗೆ ಈ ಚಿಂತೆ ಇಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಎನಿಸಿಕೊಂಡರು. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಅದೇ ರ‍್ಯಾಲಿ ಮುಗಿಸಿದರು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಅದೇ ವರ್ಷ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದರು. ಅಂಥ ಕಡೆ ಸವಾರರ ಹಿಂದೆ ಮೆಕ್ಯಾನಿಕ್ಕುಗಳ ಲಾರಿಯೇ ಬರುತ್ತದೆ. ಆದರೆ ಡಕಾರಿನಲ್ಲೇ ಇನ್ನೊಂದು ವರ್ಗವಿದೆ. ಅದರಲ್ಲಿ ಸವಾರನಿಗೆ ಯಾರೂ ಕೈ ಹಚ್ಚುವಂತಿಲ್ಲ. ತನ್ನ ಪೆಟ್ಟಿಗೆಯಲ್ಲಿರುವ ಸಾಮಾನಿನಿಂದಲೇ ಬೈಕು ರಿಪೇರಿ ಮಾಡಿಕೊಂಡು ಟೆಂಟಿನಲ್ಲಿ ಮಲಗಬೇಕು. ಸ್ವಂತ ದುಡ್ಡಿನಲ್ಲಿ ರೇಸಿಗೆ ಇಳಿಯುವ ನಮ್ಮ ಹುಡುಗರದ್ದು ಎಲ್ಲ ಕಡೆಯೂ ಅದೇ ವರ್ಗ. ಅಮೆರಿಕದಲ್ಲಿ ಇಂಥವರು ಮುಚ್ಚಿದ ಸರಕು ಟ್ರೇಲರು ಕೊಂಡು ಒಳಗೆ ಮಂಚ ಹೊಡೆದುಕೊಳ್ಳುವುದು ಹಳೇ ರೂಢಿ. ಹಗಲು ಬೈಕು ಹೊರಗೆ, ರಾತ್ರಿ ಮನುಷ್ಯರು ಒಳಗೆ.

ಓಟದ ಎತ್ತು ಸಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶರ್ಯತ್ತಿಗೆ ಹೋಗುವಾಗ ಪಿಕಪ್ಪಿನಲ್ಲಿ ಎತ್ತು, ಎತ್ತಿನ ಪಕ್ಕದಲ್ಲಿ ಹಿಂಡಿ ಚೀಲ, ಚೀಲಕ್ಕೆ ತಲೆಯಿಟ್ಟು ಮಾಲೀಕ. 2014ರಲ್ಲಿ ಸುಪ್ರೀಂ ಕೋರ್ಟ್ ಎತ್ತಿನ ಓಟಕ್ಕೆ ತಡೆ ಹಾಕಿತು. 2017ರಲ್ಲಿ ನಮ್ಮ ರಾಜ್ಯ ಕಂಬಳ ಮತ್ತು ಎತ್ತಿನ ಗಾಡಿ ಓಟಕ್ಕೆಂದು ಕಾಯ್ದೆ ತಿದ್ದಿತು. 2023ರ ಮೇ ತಿಂಗಳಲ್ಲಿ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆಮೇಲೆ ಶರ್ಯತ್ತಿನ ಮಂದಿ ಮತ್ತೆ ರಸ್ತೆಗೆ ಬಿದ್ದರು. ರೇಸಿನ ಮಂದಿ ಎಲ್ಲಿದ್ದರೂ ಒಂದೇ ಜಾತಿ: ತಮ್ಮ ನಿದ್ದೆ ಕೆಟ್ಟರೂ ಸರಿ, ಓಡುವುದರ ಹತ್ತಿರ ಇರಬೇಕು.

ಈಗ ಕೆಲಸದ ಮಾತು. ಬಂದವರೆಲ್ಲ ಮೊದಲು ಕೇಳುವುದು ಹಾಸಿಗೆ ಎಲ್ಲಿ, ಫ್ಯಾನು ಎಲ್ಲಿ, ಎಂಥ ಬಣ್ಣ ಅಂತ. ನಾನು ಮೊದಲು ಕೇಳುವುದು ತೂಕ. ನಮ್ಮ ಕಡೆ ಟ್ರೇಲರು ಕಟ್ಟುವವರಿಗೂ ಕಟ್ಟಿಸುವವರಿಗೂ “ಗಟ್ಟಿ ಇರಲಿ” ಎಂಬ ಒಂದೇ ಮಂತ್ರ. ಕಬ್ಬು ಹೇರಿ ನಿಧಾನ ಹೋಗುವುದಕ್ಕೆ ಅದು ಸರಿ. ಹೆದ್ದಾರಿಯಲ್ಲಿ ಜೀಪಿನ ಹಿಂದೆ ಅರವತ್ತು ಎಪ್ಪತ್ತರ ವೇಗದಲ್ಲಿ ಓಡುವುದಕ್ಕೆ ಸರಿಯಲ್ಲ. ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲ, ಆರು ಅಡಿ ಎತ್ತರದ ಡಬ್ಬಿಯ ನಾಲ್ಕು ಗೋಡೆ ಮತ್ತು ಮಾಳಿಗೆ ಸೇರಿದರೆ ಸುಮಾರು 27 ಚದರ ಮೀಟರ್. ಒಂದು ಮಿ.ಮೀ. ದಪ್ಪದ ಉಕ್ಕಿನ ಶೀಟು ಚದರ ಮೀಟರಿಗೆ 7.85 ಕೆ.ಜಿ. ತೂಗುತ್ತದೆ. ಅಂದರೆ ಬರೀ ಹೊದಿಕೆಗೇ 210 ಕೆ.ಜಿ. ಗಟ್ಟಿ ಇರಲಿ ಎಂದು ಎರಡು ಮಿ.ಮೀ. ಹಾಕಿದರೆ 420. ಅಂಗಡಿ ಬೋರ್ಡುಗಳಿಗೆ ಬಳಸುವ ಮೂರು ಮಿ.ಮೀ. ಎಸಿಪಿ ಶೀಟು ಹಾಕಿದರೆ 110 ಕೆ.ಜಿ.ಯ ಆಸುಪಾಸಿನಲ್ಲಿ ಮುಗಿಯುತ್ತದೆ. ಬಲ ಇರಬೇಕಾದ್ದು ಚಾಸಿಗೆ ಮತ್ತು ಸ್ಕ್ವೇರ್ ಪೈಪಿನ ಹಂದರಕ್ಕೆ. ಗೋಡೆಗೆ ಗಾಳಿ, ಮಳೆ ತಡೆದರೆ ಸಾಕು.

ಒಟ್ಟು ಲೆಕ್ಕ ಹೀಗಿಡಿ. ಖಾಲಿ ಟ್ರೇಲರು 500 ಕೆ.ಜಿ., ಎರಡು ಬೈಕು 320, ಟೈರು ಪಾನಾ ಹಾಸಿಗೆ ಬ್ಯಾಟರಿ ಎಲ್ಲ ಸೇರಿ 120, ನೀರು 60 ಲೀಟರ್ ಎಂದರೆ 60. ಅಲ್ಲಿಗೆ ಒಂದು ಟನ್ನು. ಯುರೋಪಿನಲ್ಲಿ ಟ್ರೇಲರಿನ ತೂಕ 750 ಕೆ.ಜಿ. ದಾಟಿತೆಂದರೆ ಅದಕ್ಕೆ ತನ್ನದೇ ಬ್ರೇಕು ಬೇಕೇ ಬೇಕು. ನಮ್ಮಲ್ಲಿಯೂ ಆ ಬುದ್ಧಿ ಇಟ್ಟುಕೊಳ್ಳುವುದೇ ಒಳ್ಳೆಯದು. ಒಂದು ಟನ್ನು ಹಿಂದಿನಿಂದ ನೂಕುವಾಗ ಜೀಪಿನ ಬ್ರೇಕೊಂದೇ ಎಲ್ಲವನ್ನೂ ತಡೆಯಲಾರದು.

ತೂಕ ಎಷ್ಟು ಎನ್ನುವುದಕ್ಕಿಂತ ಎಲ್ಲಿ ಕೂತಿದೆ ಎನ್ನುವುದು ದೊಡ್ಡದು. ಚಕ್ಕಡಿ ಹೇರಿದವರಿಗೆ ಇದು ಗೊತ್ತು. ಹಿಂದೆ ಭಾರ ಆದರೆ ನೊಗ ಮೇಲೇಳುತ್ತದೆ, ಕೊರಳ ಜತ್ತಿಗೆ ಎತ್ತಿನ ಕುತ್ತಿಗೆ ಹಿಸುಕುತ್ತದೆ. ಮುಂದೆ ಭಾರ ಆದರೆ ಹೆಗಲು ಕೀಳುತ್ತದೆ. ಟ್ರೇಲರಿಗೂ ಅದೇ ನ್ಯಾಯ. ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಭಾಗ ಮುಂದಿನ ಕೊಂಡಿಯ ಮೇಲೆ ಕೂತಿರಬೇಕು. ಅದಕ್ಕಿಂತ ಕಡಿಮೆಯಾದರೆ ವೇಗ ಏರಿದ ಹಾಗೆ ಟ್ರೇಲರು ಎಡಕ್ಕೆ ಬಲಕ್ಕೆ ಹೊಯ್ದಾಡತೊಡಗುತ್ತದೆ, ಒಂದು ಹಂತದ ಮೇಲೆ ಮುಂದಿನ ಗಾಡಿಯನ್ನೇ ತಿರುಗಿಸಿ ಹಾಕುತ್ತದೆ. ಹೊಯ್ದಾಟ ಶುರುವಾದರೆ ಸ್ಟೇರಿಂಗು ತಿರುವಬೇಡಿ, ಬ್ರೇಕು ಒತ್ತಬೇಡಿ, ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಕೊಂಡಿಯ ಭಾರ ಹದಕ್ಕೆ ಬರಲೆಂದೇ ಗಾಲಿಯ ಅಚ್ಚನ್ನು ಡಬ್ಬಿಯ ನಟ್ಟನಡುವೆ ಕೂರಿಸದೆ ತುಸು ಹಿಂದಕ್ಕೆ ಸರಿಸುತ್ತೇವೆ. ಟ್ರ್ಯಾಕ್ಟರಿನ ಪಿನ್ನಿನ ಕೊಂಡಿಯೂ ಇಲ್ಲಿ ನಡೆಯದು. ಅದರ ಸಡಿಲಿಗೆ ಪ್ರತಿ ಗುಂಡಿಯಲ್ಲೂ ಜಗ್ಗು ಬೀಳುತ್ತದೆ. ಗುಂಡಿನ ಕೊಂಡಿ ಹಾಕಿ, ಅದರ ಕೆಳಗೆ ಎರಡು ಸರಪಳಿ ಅಡ್ಡಡ್ಡ ಕಟ್ಟಬೇಕು.

ಬೈಕು ನಿಲ್ಲಿಸುವುದೂ ಒಂದು ಕಸುಬು. ಎರಡರ ಹ್ಯಾಂಡಲ್ ಒಂದಕ್ಕೊಂದು ತಾಗದಂತೆ ಒಂದನ್ನು ಒಂದಡಿ ಹಿಂದೆ ನಿಲ್ಲಿಸಬೇಕು. ಮುಂದಿನ ಗಾಲಿ ಕೂರಲು ಕಬ್ಬಿಣದ ಚೌಕಟ್ಟು ಮಾಡಿ ನೆಲಕ್ಕೆ ಬೋಲ್ಟು ಹಾಕುತ್ತೇನೆ. ಬೆಲ್ಟು ಸಿಕ್ಕಿಸುವ ಕಡಿಯನ್ನು ಬರೀ ಪ್ಲೈವುಡ್ಡಿಗೆ ಸ್ಕ್ರೂ ಹೊಡೆದು ಕೂರಿಸಿದ್ದನ್ನು ನೋಡಿದ್ದೇನೆ. ರಸ್ತೆಯ ಮೊದಲ ಉಬ್ಬಿಗೇ ಅದು ಹಲಗೆಯ ಸಮೇತ ಎದ್ದು ಬರುತ್ತದೆ. ಕಡಿ ನೇರ ಚಾನೆಲ್ಲಿಗೆ ವೆಲ್ಡ್ ಆಗಬೇಕು. ಒಂದೊಂದು ಬೈಕಿಗೆ ನಾಲ್ಕು ರ‍್ಯಾಚೆಟ್ ಬೆಲ್ಟು, ಮುಂದಿನ ಶಾಕ್ ಅರ್ಧ ಕುಸಿಯುವಷ್ಟು ಬಿಗಿ. ಪೂರ್ತಿ ಕುಸಿಸಿದರೆ ಸೀಲು ಹೋಗುತ್ತದೆ. ಮಂಚವನ್ನು ಗೋಡೆಗೆ ಬಿಜಾಗರಿ ಹಾಕಿ ಮಡಚಿಡುತ್ತೇವೆ. ಬೈಕು ಇಳಿದ ಮೇಲೆ ಸರಪಳಿ ಬಿಚ್ಚಿದರೆ ಆರಡಿ ಉದ್ದ, ಎರಡೂವರೆ ಅಡಿ ಅಗಲದ ಹಾಸಿಗೆ ಎರಡು ಕಡೆ ಇಳಿಯುತ್ತದೆ. ನಡುವೆ ಓಡಾಡಲು ಒಂದಡಿ. ಜಾತ್ರೆಯ ಟ್ರೇಲರಿನಲ್ಲಿ ಹದಿನೈದು ಮಂದಿ ಮಲಗುವ ನಮಗೆ ಅದು ಅರಮನೆ.

ಬಾಗಲಕೋಟೆ ಸೀಮೆಯ ಏಪ್ರಿಲ್ ಬಿಸಿಲು 40 ಡಿಗ್ರಿ ದಾಟುವುದು ಹೊಸ ಸುದ್ದಿಯಲ್ಲ. ಆ ಬಿಸಿಲಿಗೆ ತಗಡಿನ ಡಬ್ಬಿ ಕಾದರೆ ಒಳಗೆ ಮನುಷ್ಯ ಇರಲಾರ. ಹೊರಗಿನ ಶೀಟಿಗೂ ಒಳಗಿನ ಪ್ಲೈವುಡ್ಡಿಗೂ ನಡುವೆ ಒಂದಿಂಚು ಥರ್ಮಾಕೋಲ್ ತುಂಬಬೇಕು, ಮಾಳಿಗೆಗೆ ಬಿಳಿ ಬಣ್ಣ ಹೊಡೆಯಬೇಕು. ಬಹಳ ಮಂದಿ ಬಿಡುವ ಒಂದು ಕೆಲಸವಿದೆ: ಸ್ಕ್ವೇರ್ ಪೈಪಿನ ಮೇಲೆ ಪ್ಲೈವುಡ್ಡನ್ನು ನೇರ ಹೊಡೆಯದೆ ನಡುವೆ ಮರದ ಪಟ್ಟಿ ಕೊಡುವುದು. ಇಲ್ಲದಿದ್ದರೆ ಥರ್ಮಾಕೋಲಿನಲ್ಲಿ ತಡೆದ ಶಾಖ ಪೈಪಿನ ಮೂಲಕ ಒಳಗೆ ಬರುತ್ತದೆ. ಚಳಿಗಾಲದ ನಸುಕಿನಲ್ಲಿ ಅದೇ ಪೈಪಿನ ಮೇಲೆ ಉಸಿರಿನ ಆವಿ ನೀರಾಗಿ ಹಾಸಿಗೆಗೆ ತೊಟ್ಟಿಕ್ಕುತ್ತದೆ.

ಅಳಿಯನಿಗೆ ಏಸಿ ಬೇಕಿತ್ತು. ಲೆಕ್ಕ ತೋರಿಸಿದೆ. 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 1200 ವ್ಯಾಟ್-ಅವರ್. ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಹಿಂಡಿದರೆ ಅದರ ಆಯುಷ್ಯ ಕಡಿಮೆಯಾಗುತ್ತದೆ, ಆದ್ದರಿಂದ ಕೈಗೆ ಸಿಗುವುದು 600. ಒಂದು ಟನ್ನಿನ ಏಸಿ ಅದನ್ನು ಒಂದು ತಾಸೂ ಬಾಳಗೊಡದು. ಅದೇ 25 ವ್ಯಾಟಿನ ಡಿಸಿ ಫ್ಯಾನು ಹತ್ತು ತಾಸು ತಿರುಗಿದರೆ 250, ಎಲ್‌ಇಡಿ ದೀಪ ಐದು ತಾಸಿಗೆ 50. ಎರಡು ಫೋನು ಚಾರ್ಜ್ ಮಾಡಿದರೂ ಉಳಿಯುತ್ತದೆ. ಮಾಳಿಗೆ ಮೇಲೆ 150 ವ್ಯಾಟಿನ ಸೋಲಾರ್ ಫಲಕ ಇದ್ದರೆ ನಮ್ಮ ಬಿಸಿಲಿಗೆ ಮರುದಿನ ಸಂಜೆಯೊಳಗೆ ಅಷ್ಟೂ ವಾಪಸ್ಸು. “ಆತು ಬಿಡು ಮಾವ, ಫ್ಯಾನೇ ಹಾಕು” ಅಂದ.

ಗಾಳಿಯ ವಿಷಯದಲ್ಲಿ ಮಾತ್ರ ನಾನು ಯಾರ ಮಾತೂ ಕೇಳುವುದಿಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಕ್ಯಾನಿನ ಮುಚ್ಚಳ ಸಡಿಲಿದ್ದರೆ ಅದು ಮೇಲೆ ಹೋಗದೆ ನೆಲದಲ್ಲೇ ಮಡುಗಟ್ಟುತ್ತದೆ. ಕಿಟಕಿ ತೆರೆದಿದೆ ಎಂದು ನಂಬಿ ಮಲಗಿದರೆ ಪ್ರಯೋಜನವಿಲ್ಲ, ನೆಲಮಟ್ಟದಲ್ಲೇ ಎರಡೂ ಕಡೆ ಜಾಳಿಗೆ ಇರಬೇಕು. ಬ್ಯಾಟರಿ, ಸ್ವಿಚ್ಚುಗಳು ನೆಲದಿಂದ ಮೇಲಿರಬೇಕು. ಪೆಟ್ರೋಲ್ ಕ್ಯಾನು ರಾತ್ರಿ ಒಳಗೆ ಇರಲೇಬಾರದು. ಬೈಕೂ ಹೊರಗೇ ಮಲಗಲಿ, ಸರಪಳಿ ಬಿಗಿದು ಕೀಲಿ ಹಾಕಿ. ಸ್ಟೋ ಹಿಂದಿನ ಬಾಗಿಲ ಆಚೆಗೆ. ಚಳಿಯೆಂದು ಕೆಂಡದ ಸಿಗಡಿ ಒಳಗಿಟ್ಟು ಬಾಗಿಲು ಹಾಕಿಕೊಂಡವರು ಬೆಳಗ್ಗೆ ಏಳದ ಸುದ್ದಿ ಪೇಪರಿನಲ್ಲಿ ಓದಿರುತ್ತೀರಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಜನರೇಟರಿನ ಹೊಗೆಯಲ್ಲೂ ಅದೇ ಇರುತ್ತದೆ. ಅದನ್ನು ಗುರುತಿಸಿ ಕೂಗುವ ಅಲಾರ್ಮು ಮಾರುಕಟ್ಟೆಯಲ್ಲಿ ಸಿಗುತ್ತದೆ. ಹೊಸ ಹಾಸಿಗೆಗಿಂತ ಮೊದಲು ಅದನ್ನು ಕೊಳ್ಳಿ. ಇನ್ನು ಊಟಕ್ಕೆ ದೊಡ್ಡ ಅಡಿಗೆಮನೆ ಏತಕ್ಕೆ? ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಇದ್ದರೆ ಮೂರು ದಿನ ಒಲೆ ಹಚ್ಚದೆ ಕಳೆಯಬಹುದು.

ಕಾನೂನಿನ ಮಾತು ಬಿಟ್ಟರೆ ಲೇಖನ ಅರ್ಧ. ಟ್ರೇಲರಿಗೂ ನೋಂದಣಿ ಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿ ಇರುವ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾಲೀಕ ತನ್ನಿಷ್ಟದಂತೆ ಬದಲಿಸುವಂತಿಲ್ಲ. ಆದ್ದರಿಂದ ಕಟರ್ ಹಿಡಿಯುವ ಮೊದಲೇ ನಕ್ಷೆ ಹಿಡಿದು ಆರ್‌ಟಿಒ ಕಚೇರಿಗೆ ಹೋಗಿ. ಕಟ್ಟಿದ ಮೇಲೆ ಹೋದರೆ ಬಿಚ್ಚುವ ಖರ್ಚೂ ನಿಮ್ಮದೇ. ಓಡುವಾಗ ಟ್ರೇಲರಿನೊಳಗೆ ಒಬ್ಬರೂ ಇರಕೂಡದು. ಜಾತ್ರೆಗೆ ಹೋಗುವ ನಮ್ಮ ಟ್ರ್ಯಾಕ್ಟರುಗಳ ಬಗ್ಗೆಯೂ ನನ್ನ ಮಾತು ಇದೇ, ಬೈಸಿಕೊಂಡರೂ ಚಿಂತೆಯಿಲ್ಲ. ಮಂದಿ ಬಸ್ಸಿನಲ್ಲಿ ಹೋಗಲಿ, ಸಾಮಾನು ಟ್ರೇಲರಿನಲ್ಲಿ ಬರಲಿ, ಮಲಗುವುದು ಗುಡ್ಡ ಮುಟ್ಟಿದ ಮೇಲೆ. ಹಿಂದೆ ಕೆಂಪು ದೀಪವಿಲ್ಲದ ಕಬ್ಬಿನ ಟ್ರೇಲರಿಗೆ ಕತ್ತಲಲ್ಲಿ ಬೈಕು ಗುದ್ದಿ ಸತ್ತವರು ಈ ಸೀಮೆಯಲ್ಲಿ ಕಡಿಮೆಯಿಲ್ಲ. ಪ್ರತಿಫಲಕ ಪಟ್ಟಿಗೆ ಆಗುವ ಖರ್ಚು ಒಂದು ಹೊತ್ತಿನ ಚಹಾ-ಮಂಡಕ್ಕಿಯಷ್ಟು.

ಎಲ್ಲ ಮುಗಿದು ಸಾಮಾನು ತುಂಬಿದ ಮೇಲೆ ನೇರ ಟ್ರ್ಯಾಕಿಗೆ ಹೊರಡಬೇಡಿ, ಹತ್ತಿರದ ತೂಕದ ಕಾಟಾಕ್ಕೆ ಹೋಗಿ. ಕಬ್ಬಿನ ನಾಡಿನಲ್ಲಿ ಕಾಟಾಗಳಿಗೆ ಬರವಿಲ್ಲ. ಮೊದಲು ಜೀಪು ಕೆಳಗಿರಲಿ, ಕೊಂಡಿ ಬಿಚ್ಚದೆ ಟ್ರೇಲರಿನ ಗಾಲಿ ಮಾತ್ರ ಕಾಟಾದ ಮೇಲೆ ಬರಲಿ, ತೂಕ ಬರೆದುಕೊಳ್ಳಿ. ಆಮೇಲೆ ಕೊಂಡಿ ಬಿಚ್ಚಿ, ಮುಂದಿನ ಜಾಕಿಯೂ ಕಾಟಾದ ಮೇಲೆ ನಿಲ್ಲುವಂತೆ ಮಾಡಿ ಇನ್ನೊಮ್ಮೆ ತೂಗಿಸಿ. ಎರಡರ ವ್ಯತ್ಯಾಸವೇ ಕೊಂಡಿಯ ಭಾರ. ಮೊದಲನೆಯದು 880, ಎರಡನೆಯದು 1000 ಬಂದರೆ ಕೊಂಡಿಗೆ 120 ಕೆ.ಜಿ., ಅಂದರೆ ನೂರಕ್ಕೆ ಹನ್ನೆರಡು, ನಿಶ್ಚಿಂತೆಯಿಂದ ಹೊರಡಿ. 100ಕ್ಕಿಂತ ಕಡಿಮೆ ಬಂದರೆ ಬೈಕುಗಳನ್ನು ಅರ್ಧ ಅಡಿ ಮುಂದೆ ಸರಿಸಿ ಮತ್ತೆ ತೂಗಿಸಿ.