ಯಾರ ಕೈ ರುಚಿ ಇದು?



ನೆರೆಮನೆಯಿಂದ ಬಟ್ಟಲಲ್ಲಿ ಗುರೆಳ್ಳು ಚಟ್ನಿ ಬಂದರೆ, ರೊಟ್ಟಿಗೆ ಹಚ್ಚಿ ಬಾಯಿಗಿಟ್ಟ ಕೂಡಲೇ ನಾವು ಕೇಳುವ ಮಾತು ಒಂದೇ: "ಯಾರು ಮಾಡಿದ್ದವಾ ಇದು?" ಹೆಸರು ಗೊತ್ತಾದರೆ ಮುಂದಿನ ಸಲ ಅವರನ್ನೇ ಕೇಳಬಹುದು, ನಾಲ್ಕು ಜನರ ಮುಂದೆ ಹೊಗಳಬಹುದು, ಮಾಡಿದಾಕೆಗೂ ಹುರುಪು. ಅದೇ ಮೊಬೈಲಿನಲ್ಲಿ ಒಂದು ಚೆಂದದ ಬರಹ ಬಂದರೆ? ಓದುತ್ತೇವೆ, ಕಣ್ಣು ಒರೆಸಿಕೊಳ್ಳುತ್ತೇವೆ, ಹತ್ತು ಜನಕ್ಕೆ ಕಳಿಸುತ್ತೇವೆ. ಬರೆದವರು ಯಾರು ಅಂತ ಮಾತ್ರ ಕೇಳುವುದಿಲ್ಲ!

ಈ ತಪ್ಪು ನಾನೂ ಮಾಡಿದ್ದೇನೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಮ್ಮದು ರೋಣ ಸೀಮೆಯ ಹೊಳೆಮಣ್ಣೂರ, ಮಲಪ್ರಭೆಯ ದಂಡೆ. 2009ರಲ್ಲಿ, ಮತ್ತೆ 2019ರಲ್ಲಿ ಹೊಳೆ ಉಕ್ಕಿ ಬಂದದ್ದನ್ನು ಈ ಸಾಲಿನ ಊರುಗಳು ಮರೆತಿಲ್ಲ. ಒಂದು ಮಧ್ಯಾಹ್ನ ನನ್ನ ಮೊಬೈಲಿಗೆ ಒಂದು ಬರಹ ಬಂತು. ನೀರಿಳಿದ ಮೇಲೆ ಮನೆಗೆ ಮರಳಿದ ಹೆಣ್ಣುಮಗಳೊಬ್ಬಳು ತೊಯ್ದ ಜೋಳವನ್ನು ಬಿಸಿಲಿಗೆ ಹರವುತ್ತಾ, ಮದುವೆಯ ಫೋಟೊ ಒಣಗಿಸುತ್ತಾ ತನ್ನೊಳಗೇ ಆಡಿಕೊಂಡ ಮಾತುಗಳು. ಉದ್ದವಾಯಿತೆಂದು ಕೊನೆಯ ನಾಲ್ಕು ಸಾಲು ತೆಗೆದು, ನಮ್ಮ ಓಣಿಯ ಹೆಣ್ಣುಮಕ್ಕಳ ವಾಟ್ಸಾಪ್ ಗುಂಪಿಗೆ ಹಾಕಿದೆ.

ಸಂಜೆ ಕಟ್ಟೆಯ ಮೇಲೆ ಅದೇ ಮಾತು. ಎದುರುಮನೆಯ ಅಜ್ಜಿಗೆ ಓದಲು ಬಾರದು. ಸೊಸೆ ಓದಿ ಹೇಳಿದ್ದಳಂತೆ. "ನಮ್ಮ ಮನಿ ಸುದ್ದಿನ ಬರದಾಳಲ್ಲವಾ! ಯಾರ ಮಗಳು ಆಕಿ? ಇನ್ನೇನರ ಬರದಿದ್ರ ಓದಿಸಿ ಕೇಳತೇನಿ" ಅಂದರು. ನನ್ನ ಬಾಯಿ ಕಟ್ಟಿತು. ನಾನು ತೆಗೆದುಹಾಕಿದ ಆ ನಾಲ್ಕು ಸಾಲಿನಲ್ಲೇ ಹೆಸರಿತ್ತು. ಜಾಗ ತುಂಬಿತೆಂದು ಮೊಬೈಲಿನಿಂದ ಮೂಲವನ್ನೂ ಅಳಿಸಿಬಿಟ್ಟಿದ್ದೆ. ಕಳಿಸಿದವರನ್ನು ಕೇಳಿದರೆ ಅವರಿಗೂ ನೆನಪಿಲ್ಲ. ಈಗಲೂ ಅಜ್ಜಿ ಎದುರಾದಾಗ ಕೇಳುತ್ತಾರೆ, "ಸಿಕ್ಕಳೇನವಾ ಆಕಿ?" ಇಲ್ಲ, ಸಿಕ್ಕಿಲ್ಲ.

ಹೆಸರು ಉಳಿಯುವುದು ಓದುಗರ ಬಾಯಲ್ಲಿ

ದೊಡ್ಡ ಪ್ರಕಾಶಕರಿದ್ದರೆ ಜಾಹೀರಾತು ಇರುತ್ತದೆ, ಅಂಗಡಿಯಲ್ಲಿ ಪುಸ್ತಕ ಇರುತ್ತದೆ. ಮನೆಯಲ್ಲಿ ಕೂತು ತಮ್ಮಷ್ಟಕ್ಕೆ ತಾವು ಬರೆಯುವವರಿಗೆ ಏನಿದೆ? ಒಬ್ಬ ಓದುಗಳು ಇನ್ನೊಬ್ಬಳಿಗೆ "ಇವರದನ್ನು ಓದು" ಎನ್ನುವ ಮಾತು, ಅಷ್ಟೇ.

ಇದು ಮೊಬೈಲಿನಿಂದ ಶುರುವಾದ ಸಂಗತಿಯೇನೂ ಅಲ್ಲ. ನಮ್ಮ ಪಕ್ಕದ ಹಾವೇರಿ ಸೀಮೆಯ ಗಳಗನಾಥರು (1869–1942) ಶಾಲಾ ಮಾಸ್ತರರು. ಕಾದಂಬರಿ ಬರೆದು, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬ ಮಾತು ಇಂದಿಗೂ ಪ್ರಸಿದ್ಧ. ಆ ಕಡೆ ನಂಜನಗೂಡಿನ ತಿರುಮಲಾಂಬಾ, 1887ರಲ್ಲಿ ಹುಟ್ಟಿ ಎಳೆವಯಸ್ಸಿನಲ್ಲೇ ವಿಧವೆಯಾದವರು. ಸುಮ್ಮನೆ ಮೂಲೆಯಲ್ಲಿ ಕೂಡಲಿಲ್ಲ. 1913ರಲ್ಲಿ 'ಸತೀ ಹಿತೈಷಿಣೀ' ಗ್ರಂಥಮಾಲೆ ಆರಂಭಿಸಿ ತಮ್ಮ ಪುಸ್ತಕಗಳನ್ನು ತಾವೇ ಹೊರತಂದರು. 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ಅಂಥ ಧೀಮಂತೆಯನ್ನೂ ಕನ್ನಡ ನಾಡು ಹಲವು ದಶಕ ಮರೆತೇಬಿಟ್ಟಿತ್ತು. ಅವರು ತೀರಿಕೊಂಡದ್ದು 1982ರಲ್ಲಿ. ಬರೆದವರು ಬದುಕಿದ್ದೂ ಹೆಸರು ಮರೆಯಾಗುವುದೆಂದರೆ ಇದೇ.

ನಾನು ಮೆಚ್ಚಿದ ಕೆಲವರು

ಹಾಗಾದರೆ ಎಲ್ಲಿ ಹುಡುಕುವುದು ಅನ್ನುವಿರಾ? ಅಂತರಜಾಲದಲ್ಲಿ ಕನ್ನಡ ಪತ್ರಿಕೆ ಹೊಸದಲ್ಲ. ಡಾ. ಯು. ಬಿ. ಪವನಜ ಅವರ 'ವಿಶ್ವ ಕನ್ನಡ' 1996ರಲ್ಲೇ ಬಂದಿತ್ತು. ಮೊಬೈಲಿನಲ್ಲಿ ಕನ್ನಡದಲ್ಲೇ ಈ ಹೆಸರುಗಳನ್ನು ಕೊಟ್ಟು ಹುಡುಕಿ ನೋಡಿ.

ಮಕ್ಕಳು "ಮಿಂಚು ಯಾಕೆ ಮೊದಲು, ಗುಡುಗು ಯಾಕೆ ಆಮೇಲೆ?" ಎಂದು ಪೀಡಿಸಿದರೆ ಟಿ. ಜಿ. ಶ್ರೀನಿಧಿ ಅವರ 'ಇಜ್ಞಾನ' ನೋಡಿ. ವಿಜ್ಞಾನವನ್ನು ತಿಳಿಗನ್ನಡದಲ್ಲಿ ಹೇಳುತ್ತಾರೆ. ಓದಿಕೊಂಡರೆ ಮಕ್ಕಳ ಮುಂದೆ ನಮ್ಮ ಮಾನವೂ ಉಳಿಯುತ್ತದೆ!

ಕತೆ, ಕವಿತೆ, ನೆನಪಿನ ಬರಹ ಬೇಕೆನ್ನುವವರಿಗೆ ಜಿ. ಎನ್. ಮೋಹನ್ ಅವರ 'ಅವಧಿ', ಕತೆಗಾರ ಅಬ್ದುಲ್ ರಶೀದ್ ಕಟ್ಟಿದ 'ಕೆಂಡಸಂಪಿಗೆ' ಇವೆ. ಹೆಸರಾಂತವರ ಜೊತೆ, ನೀವು ಎಂದೂ ಕೇಳಿರದ ಹೊಸಬರೂ ಅಲ್ಲಿ ಸಿಗುತ್ತಾರೆ. ಆ ಹೊಸಬರ ಕಡೆಗೇ ಹೆಚ್ಚು ಗಮನ ಕೊಡಿ.

ಹೆಣ್ಣುಮಕ್ಕಳ ಬದುಕು, ಹಕ್ಕು, ಸಾಧನೆಗಳ ಬಗ್ಗೆ ಓದಬೇಕಾದರೆ 'ಹಿತೈಷಿಣಿ' ಎಂಬ ಮಹಿಳಾ ಜಾಲಪತ್ರಿಕೆ ಇದೆ. ಹೆಸರು ಕೇಳಿದರೆ ತಿರುಮಲಾಂಬಾ ಅವರ ನೆನಪಾಗದೆ ಇರದು. 'ಹೊನಲು' ಎಂಬುದರಲ್ಲಿ ಅಡಿಗೆಯಿಂದ ಆಟೋಟದವರೆಗೆ ಎಲ್ಲವೂ ಉಂಟು. ಮಹಾಪ್ರಾಣ ಬಿಟ್ಟು ಬರೆಯುವುದರಿಂದ ಮೊದಮೊದಲು ಅಕ್ಷರ ತಪ್ಪಿದಂತೆ ಕಾಣುತ್ತದೆ. ಜೋರಾಗಿ ಓದಿ, ನಾವು ಮಾತಾಡುವ ಹಾಗೇ ಕೇಳುತ್ತದೆ.

ಹೀಗೆ ಮಾಡಿ ನೋಡಿ

ಬರಹ ಕಳಿಸುವಾಗ ಬರೆದವರ ಹೆಸರು, ಅದು ಬಂದ ಪತ್ರಿಕೆಯ ಹೆಸರು ಎರಡೂ ಇರಲಿ. ಇಡೀ ಬರಹ ನಕಲು ಮಾಡುವುದಕ್ಕಿಂತ ಅದರ ಕೊಂಡಿಯನ್ನೇ ಕಳಿಸುವುದು ಮೇಲು. ಆಗ ಓದುವವರು ನೇರ ಬರೆದವರ ಮನೆಬಾಗಿಲಿಗೇ ಹೋದಂತೆ.

"ಚೆನ್ನಾಗಿದೆ, ಓದಿ" ಎಂದರೆ ಯಾರೂ ತೆರೆಯುವುದಿಲ್ಲ. "ಅತ್ತೆ ಸೊಸೆ ಒಟ್ಟಿಗೆ ಓದಿ ನಗಬಹುದು" ಎಂದು ಒಂದು ಸಾಲು ಸೇರಿಸಿ, ಆಗ ನೋಡಿ!

ಹೆಸರಿಲ್ಲದೆ ಬಂದ ಬರಹದ ಒಂದು ಸಾಲನ್ನು ಹಾಗೇ ಕೊಟ್ಟು ಹುಡುಕಿದರೆ ಎಷ್ಟೋ ಸಲ ಮೂಲ ಸಿಕ್ಕುತ್ತದೆ. ಮನೆಮದ್ದಿನ ವಿಷಯದಲ್ಲಂತೂ ಹೆಸರಿಲ್ಲದ ಮಾತನ್ನು ನಂಬಲೇಬೇಡಿ. ಬಾಣಂತಿಗೆ, ಕೂಸಿಗೆ ಕೊಡುವ ಮುನ್ನ ವೈದ್ಯರನ್ನು ಕೇಳಿ.

ಮೆಚ್ಚಿಕೆಯಾದರೆ ಬರೆದವರಿಗೆ ಎರಡು ಸಾಲು ತಿಳಿಸಿ. ಟೈಪು ಮಾಡಲು ಬಾರದಿದ್ದರೆ ಮೊಬೈಲಿನ ಮೈಕು ಒತ್ತಿ ಕನ್ನಡದಲ್ಲಿ ಮಾತಾಡಿದರೂ ಸಾಕು, ಅಕ್ಷರ ತಾನೇ ಮೂಡುತ್ತದೆ. ಅವರ ಪುಸ್ತಕ ಬಂದಾಗ ಓಣಿಯವರೆಲ್ಲ ಸೇರಿ ಒಂದು ಪ್ರತಿ ಕೊಂಡರೆ ಯಾರಿಗೂ ಭಾರವಾಗದು, ಹತ್ತು ಮನೆ ಓದುತ್ತದೆ.

ನಮ್ಮ ಓಣಿಯಲ್ಲಿ ಈಗ ಒಂದು ರೂಢಿ ಬಂದಿದೆ. ಏನಾದರೂ ಓದತೊಡಗಿದರೆ ಕಟ್ಟೆಯ ಮೂಲೆಯಿಂದ ಅಜ್ಜಿಯ ದನಿ ಬರುತ್ತದೆ: "ತಡಿಯವಾ, ಮೊದಲ ಬರದಾವ್ರ ಹೆಸರ ಹೇಳು." ಹೆಸರು ಹೇಳಿದ ಮೇಲೇ ಓದು ಮುಂದುವರಿಯಬೇಕು.

ನಿಮ್ಮ ಮೆಚ್ಚಿನ ಬರಹಗಾರ್ತಿ ಯಾರು, ಸೋದರಿ? ಈ ಪುಟ ಮಡಿಸಿಡುವ ಮುನ್ನ ಪಕ್ಕದ ಮನೆಯವರಿಗೆ ಒಂದು ಹೆಸರು ಹೇಳಿ ಬನ್ನಿ. ಮತ್ತೆ, ಹೊಳೆ ಇಳಿದ ಮೇಲೆ ಜೋಳ ಒಣಗಿಸಿದ ಆ ಬರಹ ನಿಮ್ಮಲ್ಲಿ ಯಾರಾದರೂ ಓದಿದ್ದರೆ, ಬರೆದಾಕೆಯ ಹೆಸರು ದಯವಿಟ್ಟು ಈ ಪತ್ರಿಕೆಗೆ ತಿಳಿಸಿ. ಇಲ್ಲೊಬ್ಬರು ಅಜ್ಜಿ ಕಾಯುತ್ತಿದ್ದಾರೆ.