ಯಲಹಂಕದಲ್ಲಿ ಇಳಿದ ಮರದ ಬಾಂಬರ್

ಬಳ್ಳಾರಿ ರಸ್ತೆಯಲ್ಲಿ ಯಲಹಂಕ ದಾಟಿ ಚಿಕ್ಕಜಾಲದ ಕಡೆ ಹೊರಟವರಿಗೆಲ್ಲ ವಾಯುಪಡೆ ನೆಲೆಯ ಉದ್ದನೆಯ ಕಾಂಪೌಂಡು ಗೊತ್ತು. 1996ರಿಂದ ಏರೋ ಇಂಡಿಯಾ ನಡೆಯುತ್ತಿರುವುದು ಇದೇ ನೆಲೆಯಲ್ಲಿ. ಪ್ರದರ್ಶನದ ದಿನಗಳಲ್ಲಿ ಹುಣಸಮಾರನಹಳ್ಳಿಯಿಂದ ಚಿಕ್ಕಜಾಲದವರೆಗೆ ಮನೆಯ ಮಹಡಿ, ರಸ್ತೆ ಬದಿ, ನಿಂತ ಲಾರಿಯ ತಲೆ, ಎಲ್ಲಿ ನೋಡಿದರೂ ಜನ ಕತ್ತೆತ್ತಿ ನಿಂತಿರುತ್ತಾರೆ. ಅವರ ಕಣ್ಣೆಲ್ಲ ಸುಖೋಯ್, ರಫೇಲ್, ತೇಜಸ್ ಮೇಲೆ. ಇದೇ ಬಯಲಿನಲ್ಲಿ 1944ರಲ್ಲಿ ಹಾರಾಡುತ್ತಿದ್ದ ಒಂದು ಯುದ್ಧವಿಮಾನದ ಒಡಲು ಮರದ್ದು, ರೆಕ್ಕೆ ಮರದ್ದು, ಬಾಲವೂ ಮರದ್ದು. ಅಂಟು ಹಾಕಿ, ಹಿತ್ತಾಳೆ ಸ್ಕ್ರೂ ಬಿಗಿದು, ಮೇಲೆ ಬಟ್ಟೆ ಹೊದಿಸಿ ಬಣ್ಣ ಬಳಿದ ವಿಮಾನ. ಹೆಸರು ಡಿ ಹ್ಯಾವಿಲೆಂಡ್ ಮಸ್ಕಿಟೊ. ಎರಡು ಎಂಜಿನ್ನಿನ, ಇಬ್ಬರೇ ಕೂರುವ ಹಗುರ ಬಾಂಬರ್ ಅದು.

ಜೆಟ್ಟುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಮರ ಮತ್ತು ಅಂಟು. ಆದ್ದರಿಂದ ಈ ಲೇಖನದಲ್ಲಿ ಬಡಗಿ ಕೆಲಸಕ್ಕೇ ಹೆಚ್ಚು ಜಾಗ.

ಎರಡನೇ ಮಹಾಯುದ್ಧ ಹತ್ತಿರವಾದಾಗ ಬ್ರಿಟನ್ನಿನ ವಿಮಾನ ತಯಾರಕ ಜೆಫ್ರಿ ಡಿ ಹ್ಯಾವಿಲೆಂಡ್ ಒಂದು ಲೆಕ್ಕ ಹಾಕಿದರು. ಯುದ್ಧ ಶುರುವಾದರೆ ಅಲ್ಯೂಮಿನಿಯಂಗೆ ಬರ ಬರುತ್ತದೆ, ಲೋಹದ ಕೆಲಸಗಾರರು ಸಿಗುವುದಿಲ್ಲ. ಕುರ್ಚಿ, ಮೇಜು, ಪಿಯಾನೊ ಮಾಡುವವರ ಕೈಗೆ ಮಾತ್ರ ಕೆಲಸ ಇರುವುದಿಲ್ಲ. ಹಾಗಾದರೆ ಮರದಲ್ಲೇ ಬಾಂಬರ್ ಮಾಡೋಣ. ಬಂದೂಕು ಬೇಡ, ಬಂದೂಕು ಹಿಡಿಯುವ ಸಿಬ್ಬಂದಿಯೂ ಬೇಡ, ಅಷ್ಟು ಭಾರ ಇಳಿದರೆ ಶತ್ರುವಿನ ಫೈಟರ್ ಬೆನ್ನು ಹತ್ತಿದರೂ ಸಿಗದಷ್ಟು ವೇಗ ಬರುತ್ತದೆ. ಸರ್ಕಾರದ ಅಧಿಕಾರಿಗಳಿಗೆ ಈ ಮಾತು ರುಚಿಸಲಿಲ್ಲ. ಮರದ ವಿಮಾನದ ಕಾಲ ಮುಗಿಯಿತು ಎಂದೇ ಎಲ್ಲರ ಅಭಿಪ್ರಾಯ. ಏರ್ ಮಾರ್ಷಲ್ ವಿಲ್ಫ್ರಿಡ್ ಫ್ರೀಮನ್ ಒಬ್ಬರು ಬೆನ್ನಿಗೆ ನಿಂತದ್ದರಿಂದ 1940ರ ಮಾರ್ಚ್ 1ರಂದು 50 ವಿಮಾನಗಳಿಗೆ ಆರ್ಡರ್ ಸಿಕ್ಕಿತು. ಲಂಡನ್ನಿಗೆ ಉತ್ತರದ ಸಾಲ್ಸ್‌ಬರಿ ಹಾಲ್ ಎಂಬ ಹಳೆಯ ಬಂಗಲೆಯಲ್ಲಿ ಆರ್. ಇ. ಬಿಷಪ್ ಅವರ ತಂಡ ನಕ್ಷೆ ಬರೆಯಿತು. 1940ರ ನವೆಂಬರ್ 25ರಂದು ಮೊದಲ ವಿಮಾನ ಹ್ಯಾಟ್‌ಫೀಲ್ಡಿನಿಂದ ಹಾರಿತು. ಹಾರಿಸಿದವರು ಮಾಲೀಕರ ಮಗ, ಜೆಫ್ರಿ ಡಿ ಹ್ಯಾವಿಲೆಂಡ್ ಜೂನಿಯರ್. ಕೆಲವೇ ತಿಂಗಳಲ್ಲಿ, 1941ರ ಪರೀಕ್ಷೆಯಲ್ಲಿ, ಅದು ಗಂಟೆಗೆ ಸುಮಾರು 630 ಕಿಲೋಮೀಟರ್ ಮುಟ್ಟಿತು. ಆ ಹೊತ್ತಿನ ಸ್ಪಿಟ್‌ಫೈರ್ ಫೈಟರ್‌ಗಿಂತ ಜೋರು!

ಕಟ್ಟುವ ಬಗೆ ನೋಡಿ. ಒಡಲನ್ನು ಎರಡು ಹೋಳಾಗಿ, ಎಡದ್ದೊಂದು ಬಲದ್ದೊಂದು, ಬೇರೆ ಬೇರೆ ಅಚ್ಚಿನ ಮೇಲೆ ಮಾಡುತ್ತಿದ್ದರು. ಅಚ್ಚು ಮಹಾಗನಿಯದ್ದು, ಇಲ್ಲವೇ ಕಾಂಕ್ರೀಟಿನದ್ದು. ಅದರ ಮೇಲೆ ತೆಳ್ಳನೆಯ ಬರ್ಚ್ ಪ್ಲೈವುಡ್ ಬಗ್ಗಿಸಿ ಹಾಸುವುದು, ಅದರ ಮೇಲೆ ಎಕ್ವಡಾರಿನಿಂದ ಬಂದ ಬಾಲ್ಸಾ ಮರದ ಪಟ್ಟಿ, ಬಲ ಬೇಕಾದ ಕಡೆ ಸ್ಪ್ರೂಸ್ ಮರದ ತುಂಡು, ಮತ್ತೆ ಮೇಲೆ ಬರ್ಚ್ ಪ್ಲೈವುಡ್. ನಡುವೆ ಪದರ ಪದರಕ್ಕೂ ಅಂಟು. ಆಮೇಲೆ ಉಕ್ಕಿನ ಪಟ್ಟಿ ಸುತ್ತಿ ಬಿಗಿದು ಒಣಗಲು ಬಿಡುವುದು. ಒಣಗಿದ ಎರಡು ಹೋಳುಗಳು ಸುಲಿದ ಅವರೆಕಾಯಿ ಸಿಪ್ಪೆಯ ಹಾಗೆ ಬಾಯಿ ತೆರೆದು ಮಲಗಿರುತ್ತಿದ್ದವು. ವೈರು, ಪೈಪು, ಕಂಟ್ರೋಲ್ ಕೇಬಲ್ಲುಗಳಲ್ಲಿ ಬಹುಪಾಲನ್ನು ಆಗಲೇ, ಹೊರಗೆ ನಿಂತೇ ಕೂರಿಸಿ, ನಂತರ ಎರಡನ್ನೂ ಸೇರಿಸಿ ಅಂಟಿಸುತ್ತಿದ್ದರು. ಒಳಗೆ ತೂರಿ ಮೈ ಮಡಿಸಿಕೊಂಡು ಕೆಲಸ ಮಾಡುವ ಗೋಳು ತಪ್ಪಿತು. ರೆಕ್ಕೆ ಒಂದೇ ತುಂಡು, ತುದಿಯಿಂದ ತುದಿಗೆ 16.5 ಮೀಟರ್. ಅದರ ನಡುಭಾಗದ ಮೇಲೆ ಒಡಲನ್ನು ತಂದು ಕೂರಿಸುವುದು. ಎಂಜಿನ್ ರೋಲ್ಸ್‌ರಾಯ್ಸ್ ಮರ್ಲಿನ್, ರೆಕ್ಕೆಗೊಂದು. ಕೊನೆಗೆ ಮರದ ಮೇಲೆಲ್ಲ ಮಾದಾಪೊಲಂ ಎಂಬ ನಯವಾದ ಹತ್ತಿ ಬಟ್ಟೆ ಹೊದಿಸಿ ಡೋಪ್ ಎಂಬ ಲೇಪ ಬಳಿಯುತ್ತಿದ್ದರು. ಆ ಬಗೆಯ ಬಟ್ಟೆಗೆ ಮೂಲ ಆಂಧ್ರದ ಗೋದಾವರಿ ಕಡಲಂಚಿನ ನೇಕಾರರ ಊರು.

ಹೈ ವಿಕಂಬ್ ಎಂಬ ಪೀಠೋಪಕರಣದ ಊರಿನ ಕಾರ್ಖಾನೆಗಳೆಲ್ಲ ಈ ಕೆಲಸಕ್ಕೆ ಇಳಿದವು. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಸೇರಿ ಒಟ್ಟು 7,781 ಮಸ್ಕಿಟೊಗಳು ತಯಾರಾದವು.

ಅಂಟಿನ ವಿಷಯಕ್ಕೆ ಬರುತ್ತೇನೆ. ಮೊದಮೊದಲು ಬಳಸಿದ್ದು ಕೇಸೀನ್, ಅಂದರೆ ಹಾಲು ಒಡೆದಾಗ ಸಿಗುವ ಗಿಣ್ಣಿನಂಥ ಭಾಗದಿಂದ ತೆಗೆದ ಅಂಟು. ತಂಪು ದೇಶದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಶಾಖ, ತೇವ ಎರಡೂ ಸೇರಿದರೆ ಅದಕ್ಕೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಮುಂದೆ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿಗೆ ಬದಲಾಯಿಸಿದರು. ನಮ್ಮ ಬಿಸಿಲು ಮಳೆಯನ್ನು ಮರದ ವಿಮಾನ ತಡೆದೀತೇ ಎಂದು ನೋಡಲು 1943ರಲ್ಲೇ ಕೆಲವನ್ನು ಭಾರತಕ್ಕೆ ತಂದು 27ನೇ ಸ್ಕ್ವಾಡ್ರನ್ನಿನ ಕೈಗೆ ಕೊಟ್ಟಿದ್ದರು.

ಚಿಕ್ಕಜಾಲದಲ್ಲಿ ಬಾಗಿಲು ಕಿಟಕಿ ಮಾಡುವ ಹಿರಿಯ ಆಚಾರ್ರೊಬ್ಬರ ಮುಂದೆ ಈ ರೆಕ್ಕೆಯ ಚಿತ್ರ ಇಟ್ಟೆ. ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು. "ಹಳೇ ಕಾಲ್ದಾಗೆ ನಮ್ದು ಮರವಜ್ರ ಸಾರ್, ಕಾಯ್ಸಿ ಬಿಸೀಲೇ ಹಚ್ಬೇಕು. ಈಗೇನು, ಡಬ್ಬಿ ತೆಗದ್ರೆ ಬಿಳೀ ಅಂಟು" ಎಂದರು. ಆಮೇಲೆ ಚೌಕಟ್ಟಿನ ಒಂದು ಕೂಡುವ ಮೂಲೆಯನ್ನು ಅಂಟಿಲ್ಲದೆ ಒತ್ತಿ ಹಿಡಿದು ಬೆಳಕಿಗೆ ಎತ್ತಿದರು. ಕೂದಲೆಳೆಯಷ್ಟು ಬೆಳಕು ತೂರುತ್ತಿತ್ತು. ತೋಪಡದಲ್ಲಿ ಎರಡೇ ಎಳೆತ, ಮತ್ತೆ ಒತ್ತಿ ಎತ್ತಿದರು. ಬೆಳಕು ನಿಂತಿತ್ತು. "ಮರಕ್ಕೆ ಮರ ಕಚ್ಕೊಂಡ್ರೆ ಅಂಟು ಹಿಡೀತೈತೆ. ಮಧ್ಯೆ ಸಂದು ಐತೆ ಅಂದ್ರೆ ಅಲ್ಲಿ ಬರೀ ಅಂಟೇ ನಿಂತಿರ್ತೈತೆ. ಅದು ಎಷ್ಟೊತ್ತು ತಾನೆ ನಿಂತೀತು ಹೇಳಿ?" ಮಸ್ಕಿಟೊ ಬಗ್ಗೆ ನಡೆದ ದೊಡ್ಡ ತನಿಖೆಯ ತಿರುಳೂ ಹೆಚ್ಚುಕಡಿಮೆ ಇಷ್ಟೇ.

1944ರ ಫೆಬ್ರವರಿಯಲ್ಲಿ ರಾಯಲ್ ಏರ್ ಫೋರ್ಸಿನ 45ನೇ ಸ್ಕ್ವಾಡ್ರನ್ ಯಲಹಂಕಕ್ಕೆ ಬಂತು. ಅಲ್ಲಿಯವರೆಗೆ ಅವರು ಹಾರಿಸುತ್ತಿದ್ದದ್ದು ವೆಂಜನ್ಸ್ ಎಂಬ ಒಂಟಿ ಎಂಜಿನ್ನಿನ ಡೈವ್ ಬಾಂಬರ್. ಅವರಿಗೆ ಎರಡು ಎಂಜಿನ್ನಿನ ವಿಮಾನ ಕಲಿಸಲೆಂದೇ 1672ನೇ ಮಸ್ಕಿಟೊ ಕನ್ವರ್ಷನ್ ಯೂನಿಟ್ ಇಲ್ಲಿ ಶುರುವಾಯಿತು. ಒಂದು ಎಂಜಿನ್ ನಿಂತಾಗ ಇನ್ನೊಂದರ ಮೇಲೆ ವಿಮಾನವನ್ನು ನೆಟ್ಟಗೆ ಹಿಡಿದು ಇಳಿಸುವುದು ಅವರು ಕಲಿಯಬೇಕಿದ್ದ ಕಷ್ಟದ ಪಾಠ. ಜಪಾನಿಯರ ವಿರುದ್ಧದ ಮುಂಚೂಣಿ ದೂರದ ಬರ್ಮಾ ಗಡಿಯಲ್ಲಿ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ತಂಪು ಬಯಲು, ಹತ್ತಿರದಲ್ಲೇ ಬೆಂಗಳೂರಿನ ದಂಡು, ರೈಲುದಾರಿ, ರಿಪೇರಿಗೆ ವಿಮಾನ ಕಾರ್ಖಾನೆ. ತರಬೇತಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇರೆಲ್ಲಿತ್ತು? ಕೋಲಾರದ ಏರ್‌ಫೀಲ್ಡಿನಲ್ಲೂ ಇದೇ ಕೆಲಸ ನಡೆಯಿತು, 82ನೇ ಸ್ಕ್ವಾಡ್ರನ್ ಮಸ್ಕಿಟೊ ಕಲಿತದ್ದು ಅಲ್ಲಿ. ನಮ್ಮ ರಾಗಿ ಹೊಲಗಳ ಮೇಲೆ ಹಾರಿ ಹಾರಿ ಕೈ ಪಳಗಿಸಿಕೊಂಡವರು ಬರ್ಮಾದ ಸೇತುವೆಗಳ ಮೇಲೆ ಬಾಂಬು ಹಾಕಲು ಹೋದರು.

ಯಲಹಂಕದಿಂದ ಪೂರ್ವಕ್ಕೆ ಹೋದ 45ನೇ ಸ್ಕ್ವಾಡ್ರನ್, ಅಸ್ಸಾಮಿನ ಕುಂಭೀರ್‌ಗ್ರಾಮದಿಂದ 1944ರ ಅಕ್ಟೋಬರ್ 1ರಂದು ಮಸ್ಕಿಟೊಗಳಲ್ಲಿ ಮೊದಲ ದಾಳಿಗೆ ಹೊರಟಿತು. ಅಷ್ಟರಲ್ಲೇ ಅವರ ಕಮಾಂಡರ್, ವಿಂಗ್ ಕಮಾಂಡರ್ ಹಾರ್ಲೆ ಸ್ಟಮ್, ಮೇ ತಿಂಗಳಲ್ಲಿ ಮಸ್ಕಿಟೊ ಅಪಘಾತದಲ್ಲಿ ತೀರಿಕೊಂಡಿದ್ದರು. ಅಕ್ಟೋಬರ್‌ನಲ್ಲಿ ಮತ್ತೆ ವಿಮಾನ ಬಿತ್ತು. ಗುಂಡೇಟಿಲ್ಲ, ಶತ್ರು ಹತ್ತಿರದಲ್ಲಿಲ್ಲ, ಹಾರುತ್ತಿದ್ದ ಹಾಗೇ ರೆಕ್ಕೆ ಬಿಟ್ಟುಕೊಂಡಿತ್ತು. ನವೆಂಬರ್ ಮೊದಲ ವಾರ ಮಸ್ಕಿಟೊಗಳನ್ನೆಲ್ಲ ನೆಲಕ್ಕಿಳಿಸಿ ಪರೀಕ್ಷೆ ಮಾಡಿಸಿ ಎಂದು ಆದೇಶ ಬಂತು. ರೆಕ್ಕೆಯ ಮೇಲಿನ ಪ್ಲೈವುಡ್ ಹೊದಿಕೆ ಒಳಗಿನ ತೊಲೆಗೆ ಸರಿಯಾಗಿ ಕಚ್ಚಿಕೊಂಡಿಲ್ಲದ್ದು ವಿಮಾನದ ಮೇಲೆ ವಿಮಾನದಲ್ಲಿ ಕಂಡಿತು. ಬೋಫೈಟರ್ ವಿಮಾನ ಬಿಟ್ಟು ಮಸ್ಕಿಟೊ ಹತ್ತಲು ಅದೇ ಅಕ್ಟೋಬರ್‌ನಲ್ಲಿ ಯಲಹಂಕಕ್ಕೆ ಬಂದಿದ್ದ 47ನೇ ಸ್ಕ್ವಾಡ್ರನ್, ಮರಳಿ ಬೋಫೈಟರ್ ಹತ್ತಬೇಕಾಯಿತು. ಅವರಿಗೆ ಮಸ್ಕಿಟೊ ಮತ್ತೆ ಸಿಕ್ಕಿದ್ದು 1945ರ ಫೆಬ್ರವರಿಯಲ್ಲಿ.

ಕಂಪನಿಯ ಪರವಾಗಿ ಮೇಜರ್ ಹಿಯರ್ವರ್ಡ್ ಡಿ ಹ್ಯಾವಿಲೆಂಡ್ ಭಾರತಕ್ಕೆ ಬಂದು ನೋಡಿದರು. ಜೆಫ್ರಿಯವರ ತಮ್ಮ ಅವರು. ಅಂಟು ಕೆಟ್ಟಿಲ್ಲ, ಮುಂಗಾರಿನ ತೇವಕ್ಕೆ ಮರ ಹಿಗ್ಗಿ ಕುಗ್ಗಿದ್ದೇ ಕಾರಣ ಎಂದು ವರದಿ ಕೊಟ್ಟರು. ಮುಂದೆ ಬೇರೆ ತನಿಖೆಗಳಾದವು. ನಮ್ಮ ಮಳೆಯನ್ನೇ ಕಾಣದ, ಇಂಗ್ಲೆಂಡಿನಲ್ಲೇ ಇದ್ದ ಮಸ್ಕಿಟೊಗಳನ್ನು ಬಿಚ್ಚಿ ನೋಡಿದಾಗ ಅವುಗಳಲ್ಲೂ ಅದೇ ದೋಷ! ಹ್ಯಾಟ್‌ಫೀಲ್ಡ್, ಲೀವ್ಸ್‌ಡನ್ ಕಾರ್ಖಾನೆಗಳಲ್ಲಿ ಕೂಡಿಕೆಗಳು ಒಪ್ಪವಾಗಿ ಕೂತಿರಲಿಲ್ಲ, ಅಂಟಿಸುವ ಕೆಲಸ ಅಚ್ಚುಕಟ್ಟಾಗಿರಲಿಲ್ಲ ಎಂದು ತನಿಖೆ ಮಾಡಿದವರು ಬರೆದರು. ಆದರೂ ವಿಮಾನದ ಮೇಲಿನ ನಂಬಿಕೆ ಹೋಗಬಾರದೆಂದು ಏರ್ ಮಿನಿಸ್ಟ್ರಿ ಹಿಯರ್ವರ್ಡ್ ಅವರ ಮೊದಲ ಮಾತನ್ನೇ ಹಿಡಿದುಕೊಂಡಿತು. ತಪ್ಪು ನಮ್ಮ ಹವೆಯ ತಲೆಗೆ ಬಂತು. ಇವತ್ತಿಗೂ ಮಸ್ಕಿಟೊ ಪೂರ್ವ ದೇಶದ ತೇವಕ್ಕೆ ಬಿಟ್ಟುಕೊಂಡಿತು ಎಂಬ ಒಂದೇ ಸಾಲಿನಲ್ಲಿ ಈ ಸಾವುಗಳನ್ನು ಮುಗಿಸುವವರಿದ್ದಾರೆ. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ನೋವು ತರುವುದು ಇದೇ. ಮಳೆಯಲ್ಲೇ ಬಾಳುವ ಮರಗೆಲಸ ತಲೆತಲಾಂತರದಿಂದ ಇರುವ ನಾಡು ಇದು. ಮಲೆನಾಡಿನ ತೊಟ್ಟಿಮನೆಗಳ ಕಂಬ ತೊಲೆಗಳು ಎಷ್ಟು ಮುಂಗಾರು ಕಂಡಿವೆ!

ಪರಿಹಾರ ಮಾತ್ರ ಸರಳವಾಗಿತ್ತು. ರೆಕ್ಕೆಯ ಉದ್ದಕ್ಕೂ ಹೊದಿಕೆಯ ಕೂಡಿಕೆಯ ಮೇಲೆ ಒಂದು ಪ್ಲೈವುಡ್ ಪಟ್ಟಿ ಬಡಿದು ನೀರು ಒಳಗಿಳಿಯದಂತೆ ಮುಚ್ಚಿದರು. ಮಸ್ಕಿಟೊಗಳು ಮತ್ತೆ ಹಾರಿದವು.

ಬರ್ಮಾಕ್ಕೆ ಬಂದ ಮಾದರಿ ಎಫ್‌ಬಿ 6. ಮೂಗಿನ ಕಡೆ ನಾಲ್ಕು 20 ಮಿಲಿಮೀಟರ್ ಫಿರಂಗಿ, ನಾಲ್ಕು ಮೆಷಿನ್‌ಗನ್, ಜೊತೆಗೆ ಬಾಂಬು. ಬಂದೂಕೇ ಬೇಡ ಎಂದು ಹುಟ್ಟಿದ ವಿಮಾನ ಇಷ್ಟು ಹೊತ್ತಿಗೆ ಹೀಗೆ ಬದಲಾಗಿತ್ತು. ಐರಾವತಿ ದಾಟಿ ಮಂಡಾಲೆ, ರಂಗೂನಿನತ್ತ ಇಳಿಯುತ್ತಿದ್ದ ಬ್ರಿಟಿಷರ 14ನೇ ಸೇನೆಯ ಮುಂದೆ ಮುಂದೆ ಹಾರಿ ರೈಲು, ಸೇತುವೆ, ದೋಣಿ, ಉಗ್ರಾಣಗಳನ್ನು ಹೊಡೆದವು. ಆ ಸೇನೆಯಲ್ಲಿ ಬಹುಪಾಲು ಭಾರತೀಯ ಸೈನಿಕರೇ. ಕೆಳಗೆ ಸುಟ್ಟ ಊರುಗಳು ಬರ್ಮಾದ ಬಡವರವು, ಅದನ್ನೂ ಮರೆಯಬಾರದು. 1945ರ ಮೇ 2ರಂದು 110ನೇ ಸ್ಕ್ವಾಡ್ರನ್ನಿನ ವಿಂಗ್ ಕಮಾಂಡರ್ ಸಾಂಡರ್ಸ್ ರಂಗೂನಿನ ಮೇಲೆ ತಮ್ಮ ಮಸ್ಕಿಟೊದಲ್ಲಿ ಹಾರುತ್ತಿದ್ದಾಗ ಕೆಳಗೆ ಜಪಾನಿಯರ ಸುಳಿವೇ ಇಲ್ಲ. ಜೈಲಿನ ಚಾವಣಿಯ ಮೇಲೆ ಯುದ್ಧಕೈದಿಗಳು ಜಪಾನಿಯರು ಹೋದರೆಂದು ದೊಡ್ಡದಾಗಿ ಬರೆದಿದ್ದರು. ಸಾಂಡರ್ಸ್ ಬಾಂಬು ಬಿದ್ದು ಹಳ್ಳ ಬಿದ್ದಿದ್ದ ಮಿಂಗಲಾಡಾನ್ ರನ್‌ವೇಯಲ್ಲಿ ಇಳಿದೇಬಿಟ್ಟರು. ವಿಮಾನ ಜಖಂ ಆಯಿತು. ಊರೊಳಗೆ ನಡೆದು ಹೋಗಿ ಕೈದಿಗಳನ್ನು ಕಂಡು, ಆಮೇಲೆ ದೋಣಿ ಹತ್ತಿ ನದಿಯಲ್ಲಿ ಕೆಳಗಿಳಿದು, ಬರುತ್ತಿದ್ದ ಸೇನೆಗೆ ಸುದ್ದಿ ಮುಟ್ಟಿಸಿದರು. ರಂಗೂನನ್ನು ಹಿಡಿಯಲು ಹೊರಟ ಅಷ್ಟು ದೊಡ್ಡ ಸೇನೆಗಿಂತ ಮುಂಚೆ ಊರು ಹೊಕ್ಕವರು ಮರದ ವಿಮಾನದಲ್ಲಿ ಬಂದ ಪೈಲಟ್.

ಇದೇ ವರ್ಷಗಳಲ್ಲಿ ಬೆಂಗಳೂರಿನ ಇನ್ನೊಂದು ದಿಕ್ಕಿನಲ್ಲಿ, ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ 1940ರ ಡಿಸೆಂಬರ್‌ನಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಈಗಿನ ಎಚ್‌ಎಎಲ್) ಕಾರ್ಖಾನೆಯಲ್ಲಿ ಅಮೆರಿಕದ ವಿಮಾನಗಳ ರಿಪೇರಿ ಹಗಲೂ ರಾತ್ರಿ ನಡೆದಿತ್ತು. ಕ್ಯಾಟಲೀನಾ ಎಂಬ ಹಾರುವ ದೋಣಿಗಳು ಬೆಳ್ಳಂದೂರು ಕೆರೆಯ ನೀರಿಗೇ ಬಂದಿಳಿಯುತ್ತಿದ್ದವು. ಈಗಿನ ಬೆಳ್ಳಂದೂರು ಕೆರೆಯನ್ನು ನೋಡಿದವರು ನಂಬುವುದು ಕಷ್ಟ.

ಯುದ್ಧ ಮುಗಿದು ಜೆಟ್ಟುಗಳ ಕಾಲ ಬಂದ ಮೇಲೆ ಮಸ್ಕಿಟೊಗಳನ್ನು ಕೇಳುವವರಿರಲಿಲ್ಲ. ಲೋಹದ ವಿಮಾನಕ್ಕೆ ಗುಜರಿಯಲ್ಲಾದರೂ ಬೆಲೆ, ಮರದ್ದಕ್ಕೆ ಅದೂ ಇಲ್ಲ. ಮಸ್ಕಿಟೊ ಜಾಗಕ್ಕೆ ಬರಲೆಂದು ಬ್ರಿಟನ್ ಮಾಡಿದ ಜೆಟ್ ಬಾಂಬರ್ ಕ್ಯಾನ್‌ಬೆರಾ, ಅದಕ್ಕೂ ಎರಡೇ ಎಂಜಿನ್. ಅದು 1949ರ ಮೇ 13ರಂದು ಮೊದಲು ಹಾರಿತು, 1957ರಲ್ಲಿ ಭಾರತ ಕೊಂಡಿತು. 1961ರ ಡಿಸೆಂಬರ್ 18ರಂದು ಗೋವಾದ ದಾಬೋಲಿಂ ರನ್‌ವೇ ಮೇಲೆ ಬಾಂಬು ಹಾಕಿದ್ದು ವಿಂಗ್ ಕಮಾಂಡರ್ ಎನ್. ಬಿ. ಮೆನನ್ ನಾಯಕತ್ವದ 12 ಕ್ಯಾನ್‌ಬೆರಾಗಳು. ಕಾಂಗೊದಲ್ಲಿ, 1965, 1971ರ ಯುದ್ಧಗಳಲ್ಲಿ, ಎಲ್ಲ ಕಡೆಯೂ ದುಡಿದು 2007ರ ಮೇ 11ರಂದು ಆಗ್ರಾದಲ್ಲಿ ನಿವೃತ್ತಿಯಾಯಿತು. ಇಷ್ಟೂ ವರ್ಷ ಅವುಗಳ ದೊಡ್ಡ ರಿಪೇರಿ ಬೆಂಗಳೂರಿನ ಎಚ್‌ಎಎಲ್‌ನ ಕೆಲಸವಾಗಿತ್ತು.

ನ್ಯೂಜಿಲೆಂಡಿನಲ್ಲಿ ಗ್ಲಿನ್ ಪೊವೆಲ್ ಎಂಬುವರು ವರ್ಷಗಟ್ಟಲೆ ಕೂತು ಮಸ್ಕಿಟೊದ ಅಚ್ಚುಗಳನ್ನು ಹೊಸದಾಗಿ ಮಾಡಿದರು. ಆ ಅಚ್ಚಿನ ಮೇಲೆ ಹೊಸ ಮರದಲ್ಲಿ ಮೂಡಿದ ಒಡಲಿನ ಮಸ್ಕಿಟೊ 2012ರ ಸೆಪ್ಟೆಂಬರ್‌ನಲ್ಲಿ ಆಕ್ಲೆಂಡ್ ಬಳಿಯ ಆರ್ಡ್‌ಮೋರ್‌ನಿಂದ ಹಾರಿತು. ಅಷ್ಟು ದೊಡ್ಡದನ್ನು ನಾನು ಇಲ್ಲಿ ಕೇಳುತ್ತಿಲ್ಲ. ಎಚ್‌ಎಎಲ್ ಮ್ಯೂಸಿಯಂ ಅಂಗಳದಲ್ಲಿ ಒಂದು ಕ್ಯಾನ್‌ಬೆರಾ ನಿಂತಿದೆ. ಮೈಯೆಲ್ಲ ಲೋಹ, ಆದರೆ ಕ್ಯಾನ್‌ಬೆರಾದ ಬಾಲದ ನಿಲುವು ರೆಕ್ಕೆಯ ಮುಂಭಾಗ ಮರದ್ದೇ. ಅದರ ಪಕ್ಕದಲ್ಲಿ ಮಸ್ಕಿಟೊ ರೆಕ್ಕೆಯ ಒಂದು ಮಾರು ಉದ್ದದ ತುಂಡನ್ನು ಬರ್ಚ್ ಪ್ಲೈವುಡ್ಡು, ತೊಲೆ, ಹಿತ್ತಾಳೆ ಸ್ಕ್ರೂ ಸಮೇತ ನಮ್ಮ ಯಲಹಂಕ, ಚಿಕ್ಕಜಾಲದ ಬಡಗಿಗಳ ಕೈಲಿ ಮಾಡಿಸಿ ಇಡಬಹುದು. ಕೂಡಿಕೆ ಕಾಣುವಂತೆ ಒಂದು ಬದಿ ತೆರೆದೇ ಇರಲಿ. 1944ರಲ್ಲಿ ಯಲಹಂಕದಲ್ಲಿ ಏನು ನಡೆಯಿತು, ಆ ರೆಕ್ಕೆಗಳು ಯಾಕೆ ಬಿಟ್ಟುಕೊಂಡವು ಎಂಬುದನ್ನು ಕೆಳಗೆ ಕನ್ನಡದಲ್ಲಿ ಬರೆದಿರಲಿ.