ಕುರುಕ್ಷೇತ್ರ ನೋಡಿ ಬಂದವರ ಮಾತು, ಅದರ ನಿಜ

ಸುಗ್ಗಿ ಮುಗಿದು ಕೈ ಬಿಡುವಾಗುತ್ತಿದ್ದಂತೆ ಮಂಡ್ಯ, ತುಮಕೂರು, ರಾಮನಗರ, ಹಾಸನ ಸೀಮೆಯ ಊರುಗಳ ಗೋಡೆಗಳ ಮೇಲೆ ಪೌರಾಣಿಕ ನಾಟಕದ ಪೋಸ್ಟರುಗಳು ಕಾಣಿಸಿಕೊಳ್ಳುತ್ತವೆ: ‘ಶ್ರೀಕೃಷ್ಣ ಸಂಧಾನ ಅಥವಾ ಕುರುಕ್ಷೇತ್ರ’. ಪಾತ್ರಧಾರಿಗಳ ಸಾಲು ಸಾಲು ಫೋಟೊ, ಹಾರ್ಮೋನಿಯಂ ಮೇಷ್ಟ್ರ ಹೆಸರು, ಸೀನರಿಯವರ ಹೆಸರು, ಎಲ್ಲಕ್ಕಿಂತ ಕೆಳಗೆ ‘ಸರ್ವರಿಗೂ ಆದರದ ಸ್ವಾಗತ’. ಟಿಕೆಟ್ಟಿಲ್ಲ. ಹಬ್ಬಕ್ಕೋ ಜಾತ್ರೆಗೋ ಊರಿಗೆ ಬಂದ ಪಟ್ಟಣದ ನೆಂಟರು ಒಂದೆರಡು ಗಂಟೆ ಕೂತು ನೋಡಿ, ಮನೆಗೆ ಹೋಗಿ ಮಲಗಿ, ಬೆಳಿಗ್ಗೆ ಅಭಿಪ್ರಾಯ ಹೇಳುತ್ತಾರೆ. ಹವ್ಯಾಸಿ ರಂಗಭೂಮಿಯಲ್ಲಿ ಪಳಗಿದವರೂ ಇದೇ ಮಾತುಗಳನ್ನು ಆಡುವುದುಂಟು. ಕೇಳಿದವರು ನಿಜವೆಂದೇ ನಂಬುತ್ತಾರೆ. ಹಾಗಾಗಿ ಒಂದೊಂದನ್ನೂ ಎತ್ತಿಕೊಂಡು ನೋಡಬೇಕು ಅನ್ನಿಸಿತು.

‘ಇದು ಅನಾದಿ ಕಾಲದ ಜಾನಪದ ಕಲೆ’

ಹೊಗಳಿಕೆಯಂತೆ ಕೇಳಿಸಿದರೂ ಮಾತು ಸರಿಯಲ್ಲ. ಈ ಭಾಗದ ಹಳೆಯ ಆಟ ಮೂಡಲಪಾಯ. ಅಲ್ಲಿ ಭಾಗವತರು ಹಾಡುತ್ತಾರೆ, ವೇಷಧಾರಿ ಕುಣಿಯುತ್ತಾನೆ. ಬಣ್ಣದ ಪರದೆ, ದರ್ಬಾರ್ ಸೀನು, ರಸ್ತೆ ಸೀನು, ನಟನೇ ನಿಂತು ಹಾಡುವ ಪದ್ಧತಿ, ಇವೆಲ್ಲ ಬಂದದ್ದು ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ, ಪಾರ್ಸಿ ಕಂಪನಿಗಳ ಪ್ರಭಾವದಿಂದ. ಮೈಸೂರಿನಲ್ಲಿ ಅರಮನೆಯ ಆಶ್ರಯದಲ್ಲಿ ನಾಟಕ ಸಭೆ ಹುಟ್ಟಿತು. 1884ರಲ್ಲಿ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಶುರುವಾಯಿತು. ಅದೇ ಮುಂದೆ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಗೊತ್ತಾದ ಗುಬ್ಬಿ ಕಂಪನಿ. 1934ರಲ್ಲಿ ಆ ಕಂಪನಿ ‘ಕುರುಕ್ಷೇತ್ರ’ವನ್ನು ಆನೆ, ಕುದುರೆಗಳ ಸಮೇತ ರಂಗಕ್ಕೆ ತಂದದ್ದು ಇಂದಿಗೂ ದಂತಕಥೆ. ಊರೂರಿಗೆ ಕ್ಯಾಂಪು ಹಾಕುತ್ತಿದ್ದ ಇಂಥ ಕಂಪನಿಗಳನ್ನು ಕಂಡ ರೈತರು ‘ನಾವೂ ಮಾಡೋಣ’ ಅಂತ ಹೊರಟರು. ಕಂಪನಿಗಳು ಒಂದೊಂದಾಗಿ ಮುಚ್ಚಿದವು, ರೈತರ ನಾಟಕ ಮಾತ್ರ ನಿಲ್ಲಲಿಲ್ಲ. ಹಳೆಯದು ಎಂದು ಗೌರವಿಸುವುದಕ್ಕಿಂತ, ನೂರು ವರ್ಷದಲ್ಲಿ ಹಳ್ಳಿಯ ಜನ ತಾವಾಗಿ ಕಟ್ಟಿಕೊಂಡ ರಂಗಭೂಮಿ ಎಂದು ಗೌರವಿಸುವುದು ಹೆಚ್ಚು ನ್ಯಾಯ.

‘ಬರೀ ಹಾಡು, ಕಥೆ ಮುಂದಕ್ಕೇ ಹೋಗಲ್ಲ’

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು ಇದು. ಕಥೆ ತಿಳಿಯಲಿಕ್ಕೆಂದು ಬಂದು ಕೂತವರು ಆ ಬಯಲಿನಲ್ಲಿ ಒಬ್ಬರೂ ಇರುವುದಿಲ್ಲ. ಕೃಷ್ಣ ಸಂಧಾನಕ್ಕೆ ಹೋಗುತ್ತಾನೆ, ಐದು ಗ್ರಾಮ ಕೇಳುತ್ತಾನೆ, ದುರ್ಯೋಧನ ಕೊಡುವುದಿಲ್ಲ. ಎಂಟು ವರ್ಷದ ಮಗುವಿಗೂ ಗೊತ್ತು. ಜನ ಬಂದಿರುವುದು ಆ ‘ಕೊಡುವುದಿಲ್ಲ’ವನ್ನು ಈ ಸಲದ ದುರ್ಯೋಧನ ಹೇಗೆ ಹಾಡುತ್ತಾನೆ ಎಂದು ಕೇಳಲು.

ಶಯನದ ದೃಶ್ಯವನ್ನೇ ತೆಗೆದುಕೊಳ್ಳಿ. ಕೃಷ್ಣ ಮಂಚದ ಮೇಲೆ ಮಲಗಿದ್ದಾನೆ. ತಲೆಯ ಬಳಿ ದುರ್ಯೋಧನ, ಕಾಲ ಬಳಿ ಅರ್ಜುನ. ಮಾತಿನಲ್ಲಾದರೆ ಐದು ನಿಮಿಷದ ಕೆಲಸ. ಇಲ್ಲಿ ಮುಕ್ಕಾಲು ಗಂಟೆ ಹಿಡಿದೀತು. ಕೃಷ್ಣ ಎದ್ದು ಕೂತು ಮೊದಲು ಅರ್ಜುನನನ್ನು ನೋಡಿ ಒಂದು ಕಂದ ಎತ್ತಿಕೊಳ್ಳುತ್ತಾನೆ. ಕಂದಕ್ಕೆ ನಾಲ್ಕು ಸಾಲು. ಒಂದು, ಮೂರನೇ ಸಾಲಿಗೆ ಹನ್ನೆರಡು ಮಾತ್ರೆ, ಎರಡು, ನಾಲ್ಕನೆಯದಕ್ಕೆ ಇಪ್ಪತ್ತು. ಪಂಪ ತನ್ನ ಭಾರತದಲ್ಲಿ ಬಳಸಿದ ಛಂದಸ್ಸು ಇದೇ. ಸಾಲು ಮುಗಿಯುವಲ್ಲಿ ಹಾಡುವವನು ಕೊನೆಯ ಅಕ್ಷರವನ್ನು ಹಿಡಿದು ರಾಗ ಎಳೆಯುತ್ತಾನೆ. ತಬಲಾದವನು ಕೈ ಕಟ್ಟಿ ಕೂತಿರುತ್ತಾನೆ. ಎಳೆದದ್ದನ್ನು ಹಾರ್ಮೋನಿಯಂ ಮರುನುಡಿಯುತ್ತದೆ. ಎರಡನೇ ಸಾಲು ಇನ್ನೂ ಮೇಲಕ್ಕೆ ಹೋಗುತ್ತದೆ. ಮೋಹನ, ಕಲ್ಯಾಣಿ, ಹಿಂದೋಳ, ಯಾವ ರಾಗಕ್ಕೆ ಯಾವ ಭಾವ ಎಂಬ ಲೆಕ್ಕ ಮೇಷ್ಟ್ರಿಗೂ ಗೊತ್ತು, ಕೇಳುವವರ ಕಿವಿಗೂ ಗೊತ್ತು. ನಾಲ್ಕನೇ ಸಾಲು ಇಳಿದು ಷಡ್ಜಕ್ಕೆ ಬಂದು ನಿಂತ ಮೇಲೆ ಒಂದೆರಡು ಮಾತು. ಆಮೇಲೆ ತಾಳದ ಹಾಡು ಬಂದಾಗ ತಬಲಾಕ್ಕೆ ಜೀವ ಬರುತ್ತದೆ.

ಇಲ್ಲಿ ಹಾಡಿನಿಂದ ಕಥೆ ನಿಂತಿತು ಎನ್ನುವುದು ಹೇಗೆ? ಅರ್ಜುನನನ್ನು ಮೊದಲು ಕಂಡ ಕೃಷ್ಣನ ಪ್ರೀತಿ, ಅದನ್ನು ನೋಡುತ್ತ ಕೂತ ದುರ್ಯೋಧನನ ಉರಿ, ಎರಡೂ ಆ ರಾಗದ ಎಳೆತದಲ್ಲೇ ಇವೆ. ಕಥೆಯ ತಿರುಳೇ ಅಲ್ಲಿದೆ.

‘ಶ್ರುತಿಯಿಲ್ಲ, ತಾಳವಿಲ್ಲ, ಬರೀ ಕಿರುಚಾಟ’

ಕಂದಕ್ಕೆ, ವೃತ್ತಕ್ಕೆ ತಾಳ ಇರುವುದೇ ಇಲ್ಲ. ತಾಳ ತಪ್ಪಿತು ಎನ್ನುವವರಿಗೆ ಅದರ ಕಟ್ಟುಪಾಡು ತಿಳಿದಿಲ್ಲ ಅಷ್ಟೆ. ಕಿರುಚಾಟದಂತೆ ಕೇಳುವ ಆ ಮೇಲುಸ್ಥಾಯಿಗೂ ಕಾರಣವಿದೆ. ಧ್ವನಿವರ್ಧಕ ಇಲ್ಲದ ಕಾಲದಲ್ಲಿ ಡೇರೆಯ ಕೊನೆಯ ಬೆಂಚಿನವನಿಗೂ ಸಾಹಿತ್ಯ ಮುಟ್ಟಬೇಕಿತ್ತು. ಅದಕ್ಕೆ ತಕ್ಕ ಶ್ರುತಿ, ತಕ್ಕ ಉಸಿರು ರೂಢಿಯಾಯಿತು. ಕಂಪನಿಯ ಗಾಯನ ಒರಟು ಎನ್ನುವವರು ಇನ್ನೊಂದು ಸಂಗತಿ ನೆನೆಯಬೇಕು. ಉತ್ತರ ಕರ್ನಾಟಕದ ಹಿಂದೂಸ್ತಾನಿ ಗಾಯಕರಾದ ಮಲ್ಲಿಕಾರ್ಜುನ ಮನ್ಸೂರರು, ಬಸವರಾಜ ರಾಜಗುರುಗಳು ಎಳವೆಯಲ್ಲಿ ನಾಟಕ ಕಂಪನಿಗಳಲ್ಲಿ ಹಾಡಿದವರು.

ಹಳ್ಳಿಯ ನಟರಲ್ಲಿ ಎಲ್ಲರ ಶ್ರುತಿಯೂ ಕೂಡುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಕೂಡಿಸುವ ಕೆಲಸ ಹೇಗೆ ನಡೆಯುತ್ತದೆ ಎಂದು ನೋಡಿದವರು ಕಡಿಮೆ. ತಿಂಗಳುಗಟ್ಟಲೆ, ರಾತ್ರಿ ಊಟವಾದ ಮೇಲೆ, ಶಾಲೆಯ ಜಗಲಿಯಲ್ಲೋ ದೇವಸ್ಥಾನದ ಅಂಗಳದಲ್ಲೋ ತಾಲೀಮು. ಹಾರ್ಮೋನಿಯಂ ಮೇಷ್ಟ್ರೇ ಗುರು, ಅವರೇ ನಿರ್ದೇಶಕರು. ಸ್ವರ ಓದಲು ಬಾರದವನಿಗೆ ಒಂದೊಂದು ಸಾಲನ್ನೂ ಬಾಯಿಪಾಠ ಮಾಡಿಸುತ್ತಾರೆ. “ಅಲ್ಲಿ ಬಿಡಬ್ಯಾಡ ಕಣಪ್ಪ, ಹಿಡ್ಕೊ, ಉಸಿರು ಹಿಡ್ಕೊ” ಎಂದು ಮಣೆ ಒತ್ತಿ ತೋರಿಸುತ್ತಾರೆ. ನಾಟಕದ ರಾತ್ರಿ ನಟ ಶ್ರುತಿ ಬಿಟ್ಟರೆ ಅದೇ ಬೆರಳು ಆ ಸ್ವರವನ್ನು ಒತ್ತಿ ಹಿಡಿದು ಕರೆದು ತರುತ್ತದೆ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ದೂರ ಇಟ್ಟಿತ್ತು. ಗಮಕ ನುಡಿಯದ ವಾದ್ಯ ಎಂಬುದು ದೊಡ್ಡ ಆಕ್ಷೇಪಣೆ. ಅಷ್ಟೂ ವರ್ಷ ಹಳ್ಳಿಯ ಬಯಲುಗಳಲ್ಲಿ ಆ ಪೆಟ್ಟಿಗೆಯ ಮುಂದೆ ರೈತರು ರಾಗ ಕಲಿಯುತ್ತಿದ್ದರು.

‘ದುಡ್ಡು ಕೊಟ್ಟವನಿಗೆ ಪಾತ್ರ’

ದುಡ್ಡು ಕೊಡುವುದು ನಿಜ. ಕೃಷ್ಣ, ದುರ್ಯೋಧನರ ಪಾತ್ರಕ್ಕೆ ಹೆಚ್ಚು, ಸಣ್ಣ ಪಾತ್ರಕ್ಕೆ ಕಡಿಮೆ. ಆದರೆ ಆ ದುಡ್ಡು ಎಲ್ಲಿಗೆ ಹೋಗುತ್ತದೆ? ಮೇಷ್ಟ್ರ ಸಂಭಾವನೆಗೆ, ಸೀನರಿ ಬಾಡಿಗೆಗೆ, ಡ್ರೆಸ್ಸಿಗೆ, ಮೈಕು–ಲೈಟಿಗೆ, ನಟಿಯರಿಗೆ, ಬಂದವರ ಊಟಕ್ಕೆ. ಸರ್ಕಾರದ ಅನುದಾನವನ್ನು ಕಾಯದೆ, ಪ್ರೇಕ್ಷಕರಿಂದ ಬಿಡಿಗಾಸೂ ಕೇಳದೆ, ಆಡುವವರೇ ಖರ್ಚು ಹೊತ್ತು ಊರಿಗೆಲ್ಲ ಪುಕ್ಕಟೆ ತೋರಿಸುವ ನಾಟಕ ಇದು. ಒಂದೇ ಪಾತ್ರವನ್ನು ಇಬ್ಬರು ಮೂವರು ಹಂಚಿಕೊಳ್ಳುವುದೂ ಅದಕ್ಕೇ: ಒಂದನೇ ಕೃಷ್ಣ, ಎರಡನೇ ಕೃಷ್ಣ. ಹೊಸಬರಿಗೆ ಗಲಿಬಿಲಿಯಾಗುತ್ತದೆ. ಊರಿನವರಿಗೆ ಆಗುವುದಿಲ್ಲ, ಏಕೆಂದರೆ ಒಬ್ಬನ ಪಕ್ಕ ಇನ್ನೊಬ್ಬನನ್ನು ಇಟ್ಟು ಅಳೆಯುವ ಅವಕಾಶ ಅವರಿಗೆ ಅಲ್ಲೇ ಸಿಗುತ್ತದೆ. ದುಡ್ಡಿನಿಂದ ಪಾತ್ರ ಸಿಕ್ಕೀತು, ಸಿಳ್ಳೆ ಸಿಗುವುದಿಲ್ಲ. ನಾಟಕ ಬೆಳಗಿನವರೆಗೆ ಎಳೆಯುವುದಕ್ಕೂ ಅರ್ಧ ಕಾರಣ ಈ ಹಂಚಿಕೆ. ಪಾತ್ರ ವಹಿಸಿಕೊಂಡ ಪ್ರತಿಯೊಬ್ಬನಿಗೂ ಅವನ ಕಂದಗಳು ಸಲ್ಲಬೇಕು.

‘ಹೆಣ್ಣು ಪಾತ್ರದವರು ಸಂಬಳಕ್ಕೆ ಬಂದು ಹೋಗುವವರು’

ಈ ಮಾತು ಕೇಳಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ದ್ರೌಪದಿ, ಕುಂತಿ, ಉತ್ತರೆ, ಗಾಂಧಾರಿಯರಾಗಿ ಬರುವವರು ವೃತ್ತಿ ಕಲಾವಿದೆಯರು. ಸಂಜೆ ಹೊತ್ತಿಗೆ ಬಸ್ಸಿಳಿಯುತ್ತಾರೆ, ಬಣ್ಣ ಹಚ್ಚಿಕೊಳ್ಳುತ್ತಾರೆ, ಅಂದೇ ಮೊದಲು ಮುಖ ನೋಡಿದ ಭೀಮನ ಎದುರು ಮುಡಿ ಬಿಚ್ಚಿ ನಿಲ್ಲುತ್ತಾರೆ. ಹಲವಾರು ನಾಟಕಗಳು ಅವರ ನಾಲಿಗೆಯ ಮೇಲಿವೆ, ತಮ್ಮ ಪಾತ್ರ ಮಾತ್ರವಲ್ಲ, ಎದುರಿನವನದೂ.

ಭೀಮ ಸಾಲು ಮರೆತ ಗಳಿಗೆಯನ್ನು ಹತ್ತಿರದಿಂದ ನೋಡಬೇಕು. ದ್ರೌಪದಿ ಅಳುತ್ತಲೇ ಎರಡು ಹೆಜ್ಜೆ ಮುಂದೆ ಬಂದು, ಮೈಕಿಗೆ ಬೆನ್ನು ಮಾಡಿ, ಅವನ ತೋಳು ಹಿಡಿದು ಮುಂದಿನ ಸಾಲಿನ ಮೊದಲ ಪದವನ್ನು ಮೆಲ್ಲಗೆ ಹೇಳಿಕೊಡುತ್ತಾಳೆ. ಸಭೆಗೆ ಅದು ಗಂಡನನ್ನು ಬೇಡಿಕೊಂಡಂತೆ ಕಾಣುತ್ತದೆ. ಭೀಮ ಗರ್ಜಿಸುತ್ತಾನೆ, ಚಪ್ಪಾಳೆ ಅವನಿಗೆ ಬೀಳುತ್ತದೆ. ಬೆಳಿಗ್ಗೆ ಬಣ್ಣ ಒರೆಸಿಕೊಂಡು ಆಕೆ ಇನ್ನೊಂದು ಊರಿನ ಬಸ್ಸು ಹತ್ತುತ್ತಾಳೆ. ಈ ನಾಟಕಗಳನ್ನು ಎತ್ತಿ ಹಿಡಿದವರಲ್ಲಿ ಮೇಷ್ಟ್ರ ಸಮಕ್ಕೆ ಇವರ ಹೆಸರು ಬರಬೇಕು.

‘ಮಟ್ಟೆಲ್ಲ ಸಿನಿಮಾದ ಕದ್ದ ಮಾಲು’

ಈಚೆಗೆ ಕೆಲವೆಡೆ ಹಾಗಾಗಿದೆ. ಆದರೆ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂದದ್ದೂ ಗುಬ್ಬಿಯವರ ‘ಕುರುಕ್ಷೇತ್ರ’ ಬಂದ 1934ರಲ್ಲೇ, ಅದರ ಮುಖ್ಯ ನಟರಾದ ಸುಬ್ಬಯ್ಯನಾಯ್ಡು, ನಾಗೇಂದ್ರರಾಯರು ರಂಗಭೂಮಿಯಿಂದ ಬಂದವರೇ. ರಾಜ್‌ಕುಮಾರ್ ಅವರ ಕಂಠಕ್ಕೂ ಕಂಪನಿಯೇ ಮೊದಲ ಪಾಠಶಾಲೆ. ರಂಗಭೂಮಿ ಸಿನಿಮಾಕ್ಕೆ ಕೊಟ್ಟದ್ದರಲ್ಲಿ ಒಂದಿಷ್ಟು ಹಿಂದಕ್ಕೆ ಬಂದಿದೆ.

‘ಜನ ನಾಟಕ ನೋಡುವುದೇ ಇಲ್ಲ, ಎದ್ದು ಓಡಾಡುತ್ತಾರೆ’

ಓಡಾಡುತ್ತಾರೆ, ಟೀ ಕುಡಿಯುತ್ತಾರೆ, ಮಕ್ಕಳನ್ನು ಚಾಪೆಯ ಮೇಲೆ ಮಲಗಿಸುತ್ತಾರೆ. ಕಿವಿ ಮಾತ್ರ ರಂಗದ ಕಡೆಗೇ ಇರುತ್ತದೆ. ಟೀ ಅಂಗಡಿಯಲ್ಲಿ ನಿಂತವನು ಲೋಟ ಬಾಯಿಗೆ ಇಟ್ಟುಕೊಂಡೇ, “ಎರಡ್ನೇ ಕೃಷ್ಣ ಪರವಾಗಿಲ್ಲ ಕಣ್ಲಾ, ಮೂರ್ನೇ ಸಾಲಲ್ಲಿ ಉಸಿರು ಸಾಕಾಗ್ನಿಲ್ಲ” ಎಂದು ತೀರ್ಪು ಕೊಡುತ್ತಾನೆ. ಕರ್ಣನ ದೃಶ್ಯ ಬಂತೆಂದರೆ ಓಡಾಟ ತಾನಾಗಿ ನಿಲ್ಲುತ್ತದೆ.

ಇಷ್ಟಾದರೂ ದೂರುಗಳಲ್ಲಿ ಒಂದು ಮಾತ್ರ ಪೂರ್ತಿ ಸರಿ. ನಾಟಕದ ನಡುವೆ ಪರದೆ ಇಳಿಸಿ ನಡೆಸುವ ಸನ್ಮಾನ, ಭಾಷಣ, ಬಂಧುಬಳಗದವರು ರಂಗ ಹತ್ತಿ ಹಾಕುವ ಹಾರಗಳ ಸರಣಿ. ಅಷ್ಟು ಹೊತ್ತು ಕಟ್ಟಿದ ರಾಗ ಅಲ್ಲಿಗೆ ಸತ್ತುಹೋಗುತ್ತದೆ. ಜೊತೆಗೆ ಹಾರ್ಮೋನಿಯಂ ಅನ್ನು ನುಂಗುವಂತೆ ಕೀಬೋರ್ಡ್, ರಿದಂ ಪ್ಯಾಡ್ ಬಡಿಯುವ ಹೊಸ ಗೀಳು. ಸನ್ಮಾನವನ್ನು ನಾಟಕಕ್ಕೆ ಮೊದಲೇ ಮುಗಿಸಬಹುದು, ಪ್ಯಾಡನ್ನು ಯುದ್ಧದ ಸೀನಿಗೆ ಮೀಸಲಿಡಬಹುದು. ಇದನ್ನು ಹೇಳಲು ಪಟ್ಟಣದಿಂದ ಯಾರೂ ಬರಬೇಕಿಲ್ಲ. ಚಾಪೆಯ ಮೇಲೆ ಕೂತ ಹಿರಿಯರೇ ಕೂಗುತ್ತಾರೆ: “ಹಾರ ಸಾಕು, ಸೀನು ಬಿಡ್ರಪ್ಪಾ!”